ಮುನ್ನೂರ ಹನ್ನೊಂದನೇ ಫೈಲು

ಜಯನಗರದಲ್ಲಿ, ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ಎರಡು ರಸ್ತೆ ಹಿಂದೆ, ಹೊಲಿಗೆ ಸಾಮಾನಿನ ಅಂಗಡಿಯ ಮೇಲಿನ ಮಹಡಿಯಲ್ಲಿ ಜಯಸಿಂಹ ಅವರ ವಧೂವರರ ಮಾಹಿತಿ ಕೇಂದ್ರವಿತ್ತು. ಬೋರ್ಡಿನ ಮೇಲೆ ಹೆಸರು ಅವರದು. ಒಳಗೆ ಕೂತು ನಡೆಸುತ್ತಿದ್ದವಳು ಸರಸ್ವತಿ. ಗಂಡಿನ ಕಡೆಯವರು ಮೆಟ್ಟಿಲು ಹತ್ತಿ ಬಂದು ಉಸ್ಸಪ್ಪಾ ಅಂತ ಕೂರುವಷ್ಟರಲ್ಲಿ ನೀರು ಕೊಟ್ಟು, ಗೋತ್ರ ಕೇಳಿ, ಅವರ ಬಾಯಿಂದ ಸಂಬಳದ ವಿಷಯವನ್ನೂ ಹೊರಡಿಸಿರುತ್ತಿದ್ದಳು. ರಿಜಿಸ್ಟರ್ ನಂಬರು ಹೇಳಿದರೆ ಸಾಕು, ಹೆಸರು, ನಕ್ಷತ್ರ, ಮನೆ ಇರುವ ಬಡಾವಣೆಯ ಸ್ಟೇಜು, ಎಲ್ಲ ಗಡಗಡ ಹೇಳುವಳು. ಇಂಥ ಜ್ಞಾಪಕಶಕ್ತಿ ದೇವರು ಕೆಲವರಿಗೆ ಯಾಕೆ ಕೊಡುತ್ತಾನೋ, ಮರೆಯಬೇಕಾದ್ದನ್ನೂ ಮರೆಯಲು ಬಿಡುವುದಿಲ್ಲ.

ಅವಳು ಮೊದಲು ಅಲ್ಲಿಗೆ ಬಂದದ್ದು ಕೆಲಸಕ್ಕಲ್ಲ, ಗಂಡು ಹುಡುಕಿಕೊಂಡು. ೧೯೯೨ರಲ್ಲಿ, ಇಪ್ಪತ್ತೆಂಟನೇ ವಯಸ್ಸಿನಲ್ಲಿ, ಅಣ್ಣ ಕರೆದುಕೊಂಡು ಬಂದು ಹೆಸರು ಬರೆಸಿದ. ನಂಬರು ಮುನ್ನೂರ ಹನ್ನೊಂದು. ಫಾರಂ ತುಂಬಿದ ಅಕ್ಷರ ನೋಡಿ ಜಯಸಿಂಹ, "ಎಷ್ಟು ದುಂಡಗೆ ಬರೀತೀಯಮ್ಮ! ಮದುವೆ ಆಗೋವರೆಗೂ ಇಲ್ಲೇ ಕೆಲಸ ಮಾಡ್ಬಾರ್ದಾ?" ಅಂದರು. ಅಣ್ಣನ ಹೆಂಡತಿಗೂ ಹಗಲು ಹೊತ್ತು ನಾದಿನಿ ಮನೆಯಲ್ಲಿಲ್ಲದಿದ್ದರೆ ಆರಾಮ. ಹೀಗೆ ಮದುವೆ ಆಗುವವರೆಗೆ ಅಂತ ಸೇರಿದವಳು ಹದಿನಾಲ್ಕು ವರ್ಷ ಇಟ್ಟಮಡುವಿನಿಂದ ಜಯನಗರಕ್ಕೆ ಬಸ್ಸು ಹತ್ತಿದಳು.

ಅವಳದು ಮೂಲಾ ನಕ್ಷತ್ರ. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನಿಗೆ ಕೇಡು ಅಂತ ನಂಬುವ ಜನ ನಮ್ಮವರು. ಅದಕ್ಕೆ ಉಪಾಯವನ್ನೂ ಅವರೇ ಕಂಡುಕೊಂಡಿದ್ದಾರೆ: ತಂದೆ ಇಲ್ಲದ ಗಂಡನ್ನು ಹುಡುಕುವುದು. ಮಾವನೇ ಇಲ್ಲದ ಮನೆಯಲ್ಲಿ ಪಾಪದ ಮೂಲಾ ಯಾರಿಗೆ ಏನು ಮಾಡೀತು? ಸರಸ್ವತಿಯೇ ಹೀಗೆ ಹನ್ನೆರಡು ಮೂಲಾ ಹುಡುಗಿಯರನ್ನು ದಡ ಸೇರಿಸಿದ್ದಳು. ತನ್ನದು ಮಾತ್ರ ಕೂಡಿಬರಲಿಲ್ಲ. ಕೇಳಿದಾಗೆಲ್ಲ ಜಯಸಿಂಹ, "ತೋರಿಸ್ತಾನೇ ಇದೀನಮ್ಮ, ಮೂಲಾ ಅಂದ ತಕ್ಷಣ ಹಿಂದೆ ಸರೀತಾರೆ" ಅನ್ನುತ್ತಿದ್ದರು. ಅವಳು ನಂಬಿದಳು. ನಂಬದೆ ಏನು ಮಾಡುತ್ತಾಳೆ, ಅನ್ನ ಹಾಕುವ ಯಜಮಾನರು, ತಂದೆಯ ವಯಸ್ಸಿನವರು.

೧೯೯೭ರಲ್ಲಿ ಕಂಪ್ಯೂಟರ್ ಬಂತು. ರಿಜಿಸ್ಟರಿನಲ್ಲಿದ್ದುದನ್ನೆಲ್ಲ ಸರಸ್ವತಿ ಅದಕ್ಕೆ ತುಂಬಿದಳು, ಒಬ್ಬೊಬ್ಬರಿಗೂ ಒಂದೊಂದು ಫೈಲು, ಫೈಲಿಗೆ ಹೆಸರಿಲ್ಲ, ನಂಬರು. ಪ್ರತಿ ಫೈಲಿನ ಕೊನೆಯಲ್ಲಿ 'ಷರಾ' ಅಂತ ಒಂದು ಕಲಂ. ಅದು ಆಫೀಸಿನವರಿಗೆ ಮಾತ್ರ. ಹುಡುಗನಿಗೆ ಹಿಂದೆ ಒಂದು ನಿಶ್ಚಿತಾರ್ಥ ಮುರಿದಿದೆ, ತಾಯಿ ಸ್ವಲ್ಪ ಜೋರು, ಹುಡುಗಿಯ ಫೋಟೋ ಹಳೆಯದು, ಇಂಥವು. ಅವಳು ಟೈಪು ಮಾಡಿದ್ದು 'ಎಂಟ್ರಿ' ಅನ್ನುವ ಫೋಲ್ಡರಿಗೆ ಹೋಗುತ್ತಿತ್ತು. ಸಂಜೆ ಅವಳು ಹೊರಟ ಮೇಲೆ ಜಯಸಿಂಹ ಕೂತು, ಓದಿ, ತಮ್ಮ ಷರಾ ಸೇರಿಸಿ 'ಫೈನಲ್' ಅನ್ನುವ ಫೋಲ್ಡರಿಗೆ ದಾಟಿಸುತ್ತಿದ್ದರು. ಆಮೇಲೆ ಏನಾದರೂ ತಿದ್ದುಪಡಿ ಇದ್ದರೆ ಅದೇ ನಂಬರಿನಲ್ಲಿ ಹೊಸ ಫೈಲು ಮಾಡಿ ಎಂಟ್ರಿಯಲ್ಲಿ ಇಡಬೇಕು. ಅವರು ಅದನ್ನು ಹಳೆಯದರ ಜಾಗಕ್ಕೆ ಹಾಕುತ್ತಾರೆ. ಬಂದವರಿಗೆ ಕೊಡುವ ಪಟ್ಟಿಯನ್ನು ಅವರೇ ತಯಾರಿಸುವುದು ಫೈನಲ್‌ನಿಂದಲೇ. ಆ ಫೋಲ್ಡರು ಅವರದು, ಮುಟ್ಟಬಾರದು. ಬೀಗವೇನೂ ಇರಲಿಲ್ಲ. ಹೇಳಿದ್ದರು ಅಷ್ಟೆ, ಸರಸ್ವತಿ ಮುಟ್ಟಲಿಲ್ಲ. ಪ್ರತಿ ಯುಗಾದಿ ಕಳೆದ ಮೇಲೆ ತನ್ನ ಮುನ್ನೂರ ಹನ್ನೊಂದರಲ್ಲಿ ವಯಸ್ಸು ಒಂದು ಕೂಡಿಸಿ ಎಂಟ್ರಿಯಲ್ಲಿ ಇಡುವಳು. ವಾರದೊಳಗೆ ಅದು ಅಲ್ಲಿಂದ ಮಾಯವಾಗಿರುತ್ತಿತ್ತು. ಫೈನಲ್‌ಗೆ ಹೋಯಿತು ಅಂದುಕೊಳ್ಳುವಳು.

೧೯೯೯ರಲ್ಲಿ ಸಾವಿರದ ಹದಿನಾರು ಬಂದ. ಹೆಸರು ಶ್ರೀಕರ್, ಬನಶಂಕರಿಯ ಕಾಲೇಜೊಂದರಲ್ಲಿ ಲೆಕ್ಚರರ್, ಮೂವತ್ತೇಳು, ತಂದೆ ಇಲ್ಲ. ತಾಯಿಯನ್ನು ಕರೆದುಕೊಂಡು ಮೂರು ಶನಿವಾರ ಬಂದ. ಬೇರೆಯವರ ಹಾಗೆ ಫೋಟೋಗಳನ್ನು ಇಸ್ಪೀಟಿನ ಎಲೆಯಂತೆ ತಿರುವಿಹಾಕಲಿಲ್ಲ. ಹೋಗುವಾಗ, "ನೀವು ಊಟ ಮಾಡಿದ್ರಾ? ನಮ್ಮಿಂದ ಲೇಟಾಯ್ತು" ಅಂದ. ಆ ಆಫೀಸಿನಲ್ಲಿ ಅವಳನ್ನು ಊಟದ ಬಗ್ಗೆ ಕೇಳಿದವನು ಅವನೊಬ್ಬನೇ. ಸರಸ್ವತಿ ಎರಡು ದಿನ ಯೋಚಿಸಿ, ನಾಚಿಕೆ ಬಿಟ್ಟು ಜಯಸಿಂಹ ಅವರ ಮುಂದೆ ನಿಂತು, "ಸಾರ್, ಅವರಿಗೆ ತಂದೆ ಇಲ್ಲ. ನನ್ನದನ್ನ ಒಂದ್ಸಲ..." ಅಂದಳು. ಮುಂದಿನ ವಾರ ಅವರು ಕರೆದು, "ತೋರಿಸ್ದೆನಮ್ಮ. ಬೇಡ ಅಂದ್ರು" ಅಂದರು.

ಅದೇ ಶ್ರೀಕರ್‌ಗೆ ಬೇರೆ ಹುಡುಗಿಯನ್ನು ಹೊಂದಿಸಿದವಳೂ ಸರಸ್ವತಿಯೇ. ಛತ್ರದಲ್ಲಿ ಅವನ ತಾಯಿ ಅವಳ ಎರಡೂ ಕೈ ಹಿಡಿದು, "ನಿಂದು ಯಾವತ್ತಮ್ಮ ಮದುವೆ? ನಮ್ಮನ್ನೂ ಕರೀಬೇಕು" ಅಂದರು. ಬೇಡ ಅಂದ ಬಾಯಿಂದ ಈ ಮಾತು! ಸರಸ್ವತಿಗೆ ಮೈಯೆಲ್ಲ ಉರಿದುಹೋಯಿತು. ಊಟಕ್ಕೆ ಕೂರದೆ ಬಸ್ಸು ಹತ್ತಿದಳು. ಆ ಹೆಂಗಸನ್ನು ಏಳು ವರ್ಷ ಮನಸ್ಸಿನಲ್ಲೇ ಬೈದಳು.

೨೦೦೬ರ ಏಪ್ರಿಲ್ ತಿಂಗಳಲ್ಲಿ, ಯುಗಾದಿ ಕಳೆದ ವಾರವೇ, ಜಯಸಿಂಹ ಕಣ್ಣಿನ ಪೊರೆ ತೆಗೆಸಿಕೊಂಡರು. ತಿಂಗಳುಗಟ್ಟಲೆ ಕಂಪ್ಯೂಟರ್ ಮುಟ್ಟಲಿಲ್ಲ. ಅಷ್ಟರಲ್ಲಿ ಸೊಸೆ ಶರ್ವಾಣಿ ಕೇಂದ್ರದ ಕೆಲಸ ನೋಡಿಕೊಳ್ಳುತ್ತೇನೆ ಅಂತ ಲ್ಯಾಪ್‌ಟಾಪ್ ತಂದಳು. ಭಾನುವಾರ ಕಲ್ಯಾಣಮಂಟಪದಲ್ಲಿ ವಧೂವರರ ಸಮಾವೇಶ, ಆರುನೂರು ಜನ, ಒಬ್ಬೊಬ್ಬರ ವಿವರವೂ ಪರದೆಯ ಮೇಲೆ ಬರಬೇಕು. ಹಳೆಯ ಡೆಸ್ಕ್‌ಟಾಪನ್ನು ಹೊತ್ತುಕೊಂಡು ಹೋಗಲಾದೀತೇ? ಅದರಲ್ಲಿ ಪೆನ್ ಡ್ರೈವ್ ಓಡದು, ಲ್ಯಾಪ್‌ಟಾಪಿನಲ್ಲಿ ಫ್ಲಾಪಿಗೆ ಜಾಗವಿಲ್ಲ. ಶರ್ವಾಣಿ ಒಂದು ನೆಟ್‌ವರ್ಕ್ ಕೇಬಲ್ ತಂದು ಎರಡಕ್ಕೂ ನೇರ ಸಿಕ್ಕಿಸಿದಳು. ಮಧ್ಯಾಹ್ನದವರೆಗೆ ಇದು ಅದನ್ನು ಕಾಣದು, ಅದು ಇದನ್ನು ಕಾಣದು. ಕೊನೆಗೂ ಕಂಡಾಗ ಇಬ್ಬರೂ ಚಪ್ಪಾಳೆ ಹೊಡೆದರು.

ಶುಕ್ರವಾರ ಫೈನಲ್ ಫೋಲ್ಡರು ಪೂರ್ತಿ ದಾಟಿತು. ಶನಿವಾರ ಬೆಳಗ್ಗೆ ಎಂಟ್ರಿಯಲ್ಲಿ ಉಳಿದಿದ್ದ ಮೂವತ್ತೆಂಟು ತಿದ್ದುಪಡಿ ಫೈಲುಗಳ ಸರದಿ. ಅವೂ ಅದೇ ಜಾಗಕ್ಕೆ ಹೋಗಬೇಕು. ಒಂದೊಂದಕ್ಕೂ ಲ್ಯಾಪ್‌ಟಾಪ್ ಕೇಳುತ್ತಿತ್ತು: ಈ ಹೆಸರಿನ ಫೈಲು ಇಲ್ಲಿ ಆಗಲೇ ಇದೆ, ಇಂಥ ತಾರೀಕಿನದು, ಅದನ್ನು ತೆಗೆದು ಹೊಸದನ್ನು ಹಾಕಲೇ? ಹೊಸ ತಾರೀಕು ಯಾವುದೋ ಅದನ್ನು ಇಟ್ಟುಕೊಂಡರಾಯಿತು. ಶರ್ವಾಣಿ ತಾರೀಕು ಓದುವುದು, ಸರಸ್ವತಿ "ಹೂಂ" ಅನ್ನುವುದು, ಯೆಸ್ ಒತ್ತುವುದು.

"ತ್ರೀ ಡಬಲ್ ಒನ್, ಆಂಟಿ. ಹೊಸದು ಈ ಏಪ್ರಿಲ್‌ದು. ಹಳೇದು... ನೈಂಟಿ ನೈನ್ ಆಗಸ್ಟ್."

"ಸರಿಯಾಗಿ ನೋಡು, ಹೋದ ವರ್ಷದ್ದಿರ್ಬೇಕು. ಪ್ರತಿ ಯುಗಾದಿಗೂ ತಿದ್ದೀನಿ ನಾನು."

"ಇಲ್ಲ ಆಂಟಿ, ನೈಂಟಿ ನೈನೇ. ಇದು ಯಾರ್ದು?"

ಸರಸ್ವತಿ ಮೌಸು ತೆಗೆದುಕೊಂಡಳು. ಏಪ್ರಿಲ್‌ನ ಫೈಲಿನಲ್ಲಿ ಏನಿದೆ ಅಂತ ಅವಳಿಗೆ ಗೊತ್ತು. ವಯಸ್ಸು ನಲವತ್ತೆರಡು. ಅದರ ಕೆಳಗೆ, ಈ ಸಲ ಹೊಸದಾಗಿ, 'ಎರಡನೇ ಸಂಬಂಧವಾದರೂ ಆಗಬಹುದು' ಅಂತ ಬರೆದಿದ್ದಳು. ಆ ಒಂದು ಸಾಲು ಬರೆಯಲು ಎಷ್ಟು ದಿನ ಹಿಡಿಯಿತು ಅಂತ ಅವಳಿಗೇ ಗೊತ್ತು. ಹಳೆಯದನ್ನು ತೆರೆದಳು. ವಯಸ್ಸು ಮೂವತ್ತೈದಕ್ಕೇ ನಿಂತಿತ್ತು. ಷರಾ ಕಲಂನಲ್ಲಿ ಹೀಗಿತ್ತು:

'ನಮ್ಮ ಆಫೀಸಿನ ಹುಡುಗಿ. ಯಾರಿಗೂ ಕೊಡುವುದು ಬೇಡ. ಕೇಳಿದವರಿಗೆ ಮದುವೆ ಗೊತ್ತಾಗಿದೆ ಎನ್ನುವುದು. ಕೇಳಿದವರು: ೬೪೦, ೮೭೧, ೧೦೧೬ (ಎರಡು ಸಲ).'

ಅವಳು ಯಾವ ಫೈಲನ್ನೂ ತೆರೆದು ನೋಡಬೇಕಾಗಿರಲಿಲ್ಲ. ಆರುನೂರ ನಲವತ್ತು, ಸಾರಕ್ಕಿಯವರು, ಬ್ಯಾಂಕಿನಲ್ಲಿ ಕ್ಲರ್ಕು. ಎಂಟುನೂರ ಎಪ್ಪತ್ತೊಂದು, ಜೆ.ಪಿ. ನಗರ. ಸಾವಿರದ ಹದಿನಾರು. ಎರಡು ಸಲ! ಬೇಡ ಅಂದಿರಲಿಲ್ಲ, ಕೇಳಿದ್ದರು. ಒಂದು ಸಲ ಇಲ್ಲ ಅನ್ನಿಸಿಕೊಂಡ ಮೇಲೂ ಮತ್ತೆ ಬಂದು ಕೇಳಿದ್ದರು. ಛತ್ರದಲ್ಲಿ ಆ ತಾಯಿ ಆಡಿದ್ದು ಕುಹಕವಲ್ಲ, ನಿಜವಾಗಿಯೂ ಮದುವೆ ಗೊತ್ತಾಗಿದೆ ಅಂತ ನಂಬಿ ಆಡಿದ ಮಾತು. ಅಯ್ಯೋ, ಅಂಥ ಹೆಂಗಸನ್ನು ಏಳು ವರ್ಷ ಬೈದೆನಲ್ಲ ಅಂದುಕೊಂಡಳು ಸರಸ್ವತಿ.

ಎದ್ದು ಒಳಗಿನ ಕೋಣೆಗೆ ಹೋದಳು. ಜಯಸಿಂಹ ಕಪ್ಪು ಕನ್ನಡಕ ಹಾಕಿಕೊಂಡು ಕಾಫಿ ಆರಿಸಿಕೊಳ್ಳುತ್ತಿದ್ದರು.

"ಮುನ್ನೂರ ಹನ್ನೊಂದರ ಷರಾ ಓದ್ದೆ ಸಾರ್."

ಅವರಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅದೇ ಅವಳಿಗೆ ಇನ್ನಷ್ಟು ಉರಿಯಾಯಿತು.

"ಅದಾ," ಅಂದರು. "ಆಗ ಕಂಪ್ಯೂಟರ್ ಹೊಸದು, ಇಡೀ ಆಫೀಸು ನಿನ್ನ ಮೇಲೇ ನಿಂತಿತ್ತಮ್ಮ. ನೀನು ಹೋಗಿದ್ರೆ ಬಾಗಿಲು ಹಾಕ್ಬೇಕಿತ್ತು. ಒಂದು ವರ್ಷ ಕಳೀಲಿ ಅಂತ ಬರ್ದಿದ್ದು. ಆಮೇಲೆ ಹಾಗೇ ಉಳ್ಕೊಂಡ್ಬಿಡ್ತು."

"ನಾನು ಪ್ರತಿ ವರ್ಷ ತಿದ್ದಿ ಇಟ್ಟಿದ್ದು?"

"ತೆಗೆದು ಹಾಕ್ತಿದ್ದೆ."

"ಶ್ರೀಕರ್ ಅವರು ಬೇಡ ಅಂದ್ರು ಅಂತ ಹೇಳಿದ್ರಲ್ಲ ಸಾರ್ ನೀವು."

"ಮತ್ತಿನ್ನೇನು ಹೇಳ್ಬೇಕಿತ್ತು ನಾನು?" ಅವರ ದನಿಯಲ್ಲಿ ನಾಚಿಕೆ ಇರಲಿಲ್ಲ, ಬೇಸರವಿತ್ತು. "ಮಗಳ ಥರ ನೋಡ್ಕೊಂಡಿಲ್ವಾ ನಿನ್ನ? ಒಂದು ದೀಪಾವಳಿಗಾದ್ರೂ ಸೀರೆ ತಪ್ಪಿಸಿದೀನಾ?"

"ನಿಮ್ಮ ಮಗಳಿಗೆ ಇಪ್ಪತ್ಮೂರಕ್ಕೇ ಮದುವೆ ಮಾಡಿದ್ರಿ. ಗಂಡು ಹುಡುಕಿಕೊಟ್ಟವಳು ನಾನು."

ಜಯಸಿಂಹ ಲೋಟ ಕೆಳಗಿಟ್ಟರು. "ನೋಡು ಸರಸ್ವತಿ, ನನಗೊಬ್ಬನಿಗೇ ಹೇಳ್ಬೇಡ. ನೀನೂ ಷರಾ ಬರೆದವಳೇ. ಸಾರಕ್ಕಿ ವಿಜಯಲಕ್ಷ್ಮಿ ನಿನಗೇನೋ ಎದುರುತ್ತರ ಕೊಟ್ಲು ಅಂತ 'ಬಾಯಿ ಜೋರು' ಅಂತ ಬರ್ದೆ. ಎಂಟು ವರ್ಷ ಆಯ್ತು. ಆಮೇಲೆ ಆ ಹುಡುಗೀನ ನಾನು ಯಾರಿಗಾದ್ರೂ ತೋರಿಸಿದೀನಾ? ನೀನಾದ್ರೂ ಕೇಳಿದೀಯಾ?"

ಸರಸ್ವತಿಗೆ ನೆನಪಾಯಿತು. ವಿಜಯಲಕ್ಷ್ಮಿ, ಒಂಬೈನೂರ ಐದು, ರೋಹಿಣಿ. ಅದೊಂದು ದಿನ ತಲೆನೋವಿತ್ತು, ಆ ಹುಡುಗಿ ರಸೀದಿ ಬೇಕೇ ಬೇಕು ಅಂತ ಹಟ ಹಿಡಿದಿದ್ದಳು. ಅಷ್ಟಕ್ಕೇ ಬರೆದದ್ದು. ಬರೆದು ಮರೆತೂಬಿಟ್ಟಿದ್ದಳು. ಆ ಹುಡುಗಿಯೂ ವರ್ಷಕ್ಕೊಮ್ಮೆ ಬಂದು, "ಏನಾದ್ರೂ ಬಂದಿದ್ಯಾ ಮೇಡಂ?" ಅಂತ ಕೇಳಿ ಹೋಗುತ್ತಿದ್ದಳು. ಇಂಥ ಮನುಷ್ಯನ ಮುಂದೆ ಬಾಯಿ ಕಟ್ಟಿದಂತಾಗಿ ನಿಂತದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ಅದಿರ್ಲಿ," ಅಂದರು ಜಯಸಿಂಹ. "ಎಲ್ಲಾ ಲ್ಯಾಪ್‌ಟಾಪಿಗೆ ಹೋಯ್ತಾ? ನಾಳೆ ಆರುನೂರು ಜನ ಬರ್ತಾರೆ."

ಹೊರಗೆ ಬಂದಳು. ಶರ್ವಾಣಿ ಎಲ್ಲ ಕೇಳಿಸಿಕೊಂಡಿದ್ದಳು. ಹುಡುಗಿಯ ಕಣ್ಣು ತುಂಬಿತ್ತು. ಲ್ಯಾಪ್‌ಟಾಪ್ ಮಾತ್ರ ಅದೇ ಪ್ರಶ್ನೆ ಹಿಡಿದುಕೊಂಡು ಕಾಯುತ್ತಿತ್ತು.

"ಆಂಟಿ, ಯೆಸ್ ಕೊಡ್ತೀನಿ. ನೀವು ಬರ್ದಿದ್ದೇ ಇರ್ಲಿ. ನಾಳೆ ನಾನೇ ನಿಮ್ಮದನ್ನ ಮೊದಲು ತೋರಿಸ್ತೀನಿ. ಯಾರಾದ್ರೂ ಒಳ್ಳೆಯವರು..."

"ನಾಳೆ ಅಷ್ಟು ಜನರ ಮುಂದೆ ನಲವತ್ತೆರಡು ಅಂತ ಓದ್ತೀಯಾ? ಎರಡನೇ ಸಂಬಂಧ ಆದ್ರೂ ಪರವಾಗಿಲ್ಲ ಅಂತ ಓದ್ತೀಯಾ?" ಸರಸ್ವತಿ ಕೈ ಅಡ್ಡ ಹಿಡಿದಳು. "ನೋ ಒತ್ತು. ನಿಮ್ಮ ಮಾವ ಬರೆದಿದ್ದೇ ಇರ್ಲಿ. ಅವರು ಬರೆದ ಹಾಗೇ ಆಗಿರೋದು. ನಾನು ಬರೆದಿದ್ದನ್ನ ಇಷ್ಟು ವರ್ಷ ಯಾರು ಓದಿದ್ರು?"

ಶರ್ವಾಣಿ ಒತ್ತಲಿಲ್ಲ. ಸರಸ್ವತಿಯೇ ಕೈಚಾಚಿ ನೋ ಒತ್ತಿದಳು. ಆಮೇಲೆ ಒಂಬೈನೂರ ಐದನ್ನು ತೆರೆದು 'ಬಾಯಿ ಜೋರು' ಅಳಿಸಿದಳು. ಆ ಹುಡುಗಿಗೂ ಆಗಲೇ ಮೂವತ್ನಾಲ್ಕು ದಾಟಿತ್ತು, ಅಳಿಸಿದ್ದರಿಂದ ವಯಸ್ಸೇನೂ ಕಡಿಮೆಯಾಗಲಿಲ್ಲ. ಉಳಿದ ಫೈಲುಗಳನ್ನು ಒಂದೊಂದಾಗಿ ದಾಟಿಸುತ್ತ ಸಂಜೆಯವರೆಗೂ ಕೂತಿದ್ದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಅನ್ನಿಸುವ ಹಾಗೆ ಕೂತಿದ್ದಳು.

ಆರು ಗಂಟೆಗೆ ಬ್ಯಾಗು ಎತ್ತಿಕೊಂಡಾಗ ಜಯಸಿಂಹ ಬಾಗಿಲಿಗೆ ಬಂದರು. ಸ್ವಲ್ಪ ಅಳುಕಿದ್ದರೋ ಏನೋ, ದನಿ ಮೆತ್ತಗಿತ್ತು.

"ನಾಳೆ ಬರ್ತೀಯಲ್ವಾ ಸರಸ್ವತಿ?"

"ಬರ್ತೀನಿ ಸಾರ್," ಅಂದಳು. ಚಪ್ಪಲಿ ಮೆಟ್ಟಿಕೊಂಡು, ತಲೆಯೆತ್ತಿ ಅವರ ಕಪ್ಪು ಕನ್ನಡಕವನ್ನು ನೋಡಿದಳು. "ಬರದೆ ಇನ್ನೆಲ್ಲಿಗೆ ಹೋಗ್ಲಿ? ಹೋಗ್ಬೇಕಾಗಿದ್ದ ಮನೇನ ನೀವೇ ತಪ್ಪಿಸಿದ್ರಲ್ಲ."