ಗಿರಣಿ ನಿಲ್ಲಿಸಿದ ಕೈ

ಅವರ ಬಲಗೈ ಕಿರುಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಬೂದು ಬಣ್ಣದ್ದೇನೋ ಮೆತ್ತಿಕೊಂಡಿರುತ್ತಿತ್ತು. ಹಣೆಯ ಮೇಲೆ ವಿಭೂತಿ ಇತ್ತಲ್ಲ, ಇದೂ ಅದೇ ಇರಬೇಕು ಅಂದುಕೊಂಡಿದ್ದೆ ನಾನು. ಅದು ಕಂಪ್ಯೂಟರಿನ ಪ್ರೊಸೆಸರ್ ಬಿಸಿಯಾಗದಿರಲಿ ಎಂದು ಹಚ್ಚುವ ಪೇಸ್ಟು ಅಂತ ಆಮೇಲೆ ತಿಳಿಯಿತು. ದಪ್ಪ ಕೈ, ಅಗಲವಾದ ಅಂಗೈ. ಯಾರನ್ನಾದರೂ ತಡೆಯಬೇಕೆಂದರೆ ಅವರು ಬಾಯಿ ತೆರೆಯುತ್ತಿರಲಿಲ್ಲ. ಬಸ್ಸಿಗೆ ಕೈ ಅಡ್ಡ ಹಿಡಿದ ಹಾಗೆ ಆ ಅಂಗೈ ಎತ್ತುತ್ತಿದ್ದರು. ಎದುರಿಗಿದ್ದವರ ಮಾತು ತಾನಾಗಿ ನಿಲ್ಲುತ್ತಿತ್ತು.

ಹೊನ್ನಾಳಿಯಲ್ಲಿ ಅವರದು ಕಂಪ್ಯೂಟರ್ ಅಂಗಡಿ. ಪಕ್ಕದಲ್ಲೇ ಹಿಟ್ಟಿನ ಗಿರಣಿ, ನಡುವೆ ಒಂದೇ ಗೋಡೆ. ಗಿರಣಿ ಶುರುವಾದರೆ ಅಂಗಡಿಯ ಟ್ಯೂಬ್‌ಲೈಟು ಕಣ್ಣು ಮುಚ್ಚಿ ತೆಗೆಯುತ್ತಿತ್ತು. ಅಂಗಡಿಯವರ ಸಿಟ್ಟು ಊರಿಗೆಲ್ಲ ಗೊತ್ತಿತ್ತು. ಚಹಾ ತಣ್ಣಗಿದ್ದರೆ ಹೋಟೆಲಿನವನಿಗೆ ಬೈಗುಳ, ಕಂಪ್ಯೂಟರಿನೊಳಗೆ ಧೂಳಿದ್ದರೆ ಅದನ್ನು ತಂದವರಿಗೆ ಬೈಗುಳ. ಗೇಮ್ ಆಡುವವರು ಬಂದು ಹೊಸ ಭಾಗ ಕೇಳಿದರೆ ಕೇಳಿದ ಕೂಡಲೇ ಅವರು ಕೊಟ್ಟದ್ದೂ ಇಲ್ಲ. "ಮೊದ್ಲು ಆಡಿ ತೋರ್ಸ್ರಿ. ಅದು ಎಲ್ಲಿ ಮುಗ್ಗರಸ್ತತಿ ಅಂತ ನೋಡ್ತೀನಿ. ಆಮೇಲೆ ಕೊಡೋ ಮಾತು," ಎನ್ನುತ್ತಿದ್ದರು. ಎಷ್ಟೋ ಜನ ಮುಖ ಗಂಟು ಹಾಕಿಕೊಂಡು ಬೇರೆ ಅಂಗಡಿಗೆ ಹೋಗುತ್ತಿದ್ದರು. ಹೋಗಲಿ ಬಿಡಿ ಎಂದು ಅವರು ಸ್ಕ್ರೂ ತಿರುಗಿಸುತ್ತ ಕೂರುತ್ತಿದ್ದರು.

ನಾನು ನ್ಯಾಮತಿಯವಳು. ಜೋಳದ ರೊಟ್ಟಿ ಮಾಡಿ ಖಾನಾವಳಿಗೆ ಕೊಡುವುದು ನನ್ನ ಕಸುಬು. ಓದಿದ್ದು ಅಷ್ಟಕ್ಕಷ್ಟೆ. ಹೀಗೆ ಕೂತು ಬರೆಯುತ್ತೇನೆ ಅಂತ ಕನಸಿನಲ್ಲೂ ಅಂದುಕೊಂಡವಳಲ್ಲ. ಆದರೆ ಮೊನ್ನೆ ದಾವಣಗೆರೆಯಲ್ಲಿ ಕಣ್ಣಾರೆ ಕಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ನನಗೆ ಊಟ ಸೇರುವುದಿಲ್ಲ. ಬೀದಿಯವರಿಗೆಲ್ಲ ಹೇಳಿ ಆಯಿತು. ಅವರಿಗೆ ಬೇಸರ ಬಂತು, ನನಗೆ ಬರಲಿಲ್ಲ.

ಮಗ, ಸೊಸೆ ಜಗಳೂರಿನಲ್ಲಿ ಬೇಕರಿ ನಡೆಸುತ್ತಾರೆ. ಮೊಮ್ಮಗಳು ಕಾಲೇಜಿಗೆಂದು ನನ್ನ ಹತ್ತಿರ ಬಂದಳು. ಅವಳಿಗೆ ಮಾತು ಉಗ್ಗುತ್ತದೆ. ಒಂದು ಅಕ್ಷರ ಹಿಡಿದುಕೊಂಡರೆ ಬಿಡುವುದಿಲ್ಲ. ಕೇಳುವವರಿಗೆ ತಡೆಯಲಾಗದೆ ಮುಂದಿನ ಮಾತನ್ನು ಅವರೇ ಆಡಿ ಮುಗಿಸುತ್ತಾರೆ. ಅಂಗಡಿಯಲ್ಲಿ ಅವಳು "ಸ... ಸ..." ಅಂದರೆ ಸಕ್ಕರೆ ಕಟ್ಟಿಕೊಡುತ್ತಾರೆ. ಅವಳಿಗೆ ಬೇಕಾದದ್ದು ಸಬ್ಬಕ್ಕಿ. ಅವಳು ಸಕ್ಕರೆಯನ್ನೇ ತರುತ್ತಿದ್ದಳು. ಹೀಗೆ ಬರಬರುತ್ತ ಮಾತನ್ನೇ ಕಡಿಮೆ ಮಾಡಿದಳು.

ಅವಳ ಕೋಣೆಯಲ್ಲಿ ಒಂದು ಕಂಪ್ಯೂಟರ್. ನಮ್ಮ ಸಂಬಂಧಿಕರೊಬ್ಬರ ಫೋಟೋ ಸ್ಟುಡಿಯೋ ಮುಚ್ಚಿದಾಗ ಬಂದದ್ದು. ಅವಳ ಅಪ್ಪ ಅದಕ್ಕೊಂದು ಆಟದ ಚಿತ್ರ ಮೂಡಿಸುವ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಟ್ಟಿದ್ದ. ಒಂದು ಸಂಜೆ ನಾನು ಒಲೆಯ ಮುಂದೆ ಕೂತಿದ್ದಾಗ ಆ ಕೋಣೆಯಿಂದ ಒಬ್ಬ ಹುಡುಗಿಯ ಮಾತು ಕೇಳಿತು. "ಎಡಕ್ಕೆ ಬಾ. ನೀನು ಮೆಟ್ಲು ಹತ್ತು. ತಡಿ, ತಡಿ, ಈಗ ಹೋಗು." ನೀರು ಹರಿದ ಹಾಗೆ ಮಾತು. ಯಾರೋ ಗೆಳತಿ ಬಂದಿದ್ದಾಳೆಂದು ಇನ್ನೊಂದು ತಟ್ಟೆಗೆ ರೊಟ್ಟಿ ಹಾಕಿಕೊಂಡು ಹೋದೆ. ಕೋಣೆಯಲ್ಲಿ ಮೊಮ್ಮಗಳು ಒಬ್ಬಳೇ ಇದ್ದಳು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು. ಎರಡು ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. ರೊಟ್ಟಿ ತಣ್ಣಗಾಯಿತು.

ಅದು ಐದು ಜನ ಕೂಡಿ ಆಡುವ ಆಟ. ಚನ್ನಗಿರಿಯವರು, ಸಂತೇಬೆನ್ನೂರಿನವರು, ಜೊತೆಗೆ ನಮ್ಮವಳು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಯಾರು ಎಲ್ಲಿಗೆ ಹೋಗಬೇಕೆಂದು ಕೂಗಿ ಹೇಳುವವಳು ನಮ್ಮವಳು. ಅಲ್ಲಿ ಮಾತ್ರ ಅವಳ ನಾಲಿಗೆ ತಡೆಯುತ್ತಿರಲಿಲ್ಲ. ಯಾಕೆಂದು ನನಗೆ ತಿಳಿಯದು, ಅವಳಿಗೂ ತಿಳಿಯದು.

ಆದರೆ ಆಟ ಜೋರಾದ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ನಿಲ್ಲುತ್ತಿತ್ತು. ಚಿತ್ರ ಮರಗಟ್ಟಿ ನಿಂತರೆ ಅವಳ ದನಿಯೂ ಆ ಕಡೆಯವರಿಗೆ ಅರ್ಧಕ್ಕೆ ಕಡಿಯುತ್ತಿತ್ತು. ಗುಂಪಿನವರು ಸಹಿಸಿ ಸಹಿಸಿ ಒಂದು ಶುಕ್ರವಾರ ಹೇಳಿಬಿಟ್ಟರು: ಭಾನುವಾರ ದಾವಣಗೆರೆಯ ಸ್ಪರ್ಧೆಗೆ ಆಯ್ಕೆಯ ಆಟ, ಅದರಲ್ಲೂ ನಿಂತರೆ ಬೇರೆಯವರನ್ನು ಸೇರಿಸಿಕೊಳ್ಳುತ್ತೇವೆ. ಅಂದು ಅವಳು ಊಟ ಬೇಡವೆಂದು ತಲೆಯಾಡಿಸಿದಳು, ಅಷ್ಟೆ. ಆ ಒಂದು ಜಾಗವೂ ಹೋದರೆ ಈ ಹುಡುಗಿ ಇನ್ನೆಲ್ಲಿ ಬಾಯಿ ಬಿಟ್ಟಾಳು ಎಂದುಕೊಂಡು ಅಟ್ಟದಿಂದ ಕಂಬಳಿ ಇಳಿಸಿದೆ.

ಶನಿವಾರ ಬೆಳಿಗ್ಗೆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಹೊನ್ನಾಳಿ ಬಸ್ಸು ಹತ್ತಿದೆ. "ಏನಜ್ಜಿ, ಕುರಿಮರಿನಾ? ಹಾಫ್ ಟಿಕೆಟ್ ಆಗ್ತತಿ ನೋಡು," ಎಂದ ಕಂಡಕ್ಟರ್.

"ಇದು ಮೇಯಲ್ಲ, ಹಿಕ್ಕಿನೂ ಹಾಕಲ್ಲ. ಸುಮ್ನೆ ಹೋಗಪ್ಪ," ಅಂದೆ. ಮೊಮ್ಮಗಳು ಕಿಟಕಿಯ ಕಡೆ ನೋಡುತ್ತಿದ್ದಳು, ನಗಲಿಲ್ಲ.

ಅಂಗಡಿಯವರು ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿದರು. ಬೆರಳು ಬೆಳ್ಳಗಾಯಿತು. ಮೂಸಿ ನೋಡಿದರು.

"ಜೋಳದ ಹಿಟ್ಟು," ಅಂದರು. "ಎಲ್ಲಿ ಇಟ್ಟೀರಿ ಇದನ್ನ?"

"ಒಲೆ ಪಕ್ಕದ ಕೋಣೆಯಾಗೆ. ನಾನು ರೊಟ್ಟಿ ಮಾರೋಳು."

"ಹಂಗಾರೆ ಇದ್ರಾಗೂ ತಟ್ಟಾಕೆ ಶುರು ಮಾಡೀರಿ," ಎಂದು ಊದುವ ಯಂತ್ರ ಹಿಡಿದರು. ಹಿಟ್ಟಿನ ಮೋಡವೇ ಎದ್ದಿತು. ಶುಚಿ ಮಾಡಿದ ಮೇಲೆ ಎಂದಿನಂತೆ, "ಆಡಿ ತೋರ್ಸವ್ವ," ಅಂದರು. ಅವಳು ಆಡಿದಳು. ಅವರು ಪರದೆಯ ಮೂಲೆಯಲ್ಲಿ ಓಡುವ ಅಂಕಿಗಳನ್ನು ನೋಡಿದರು. ಸ್ವಲ್ಪ ಹೊತ್ತಿಗೆ ಚಿತ್ರ ಮತ್ತೆ ಮರಗಟ್ಟಿ ನಿಂತಿತು.

"ನೋಡ್ರಿ, ಹಿಟ್ಟಿಂದು ತಪ್ಪಲ್ಲ. ಗ್ರಾಫಿಕ್ಸ್ ಕಾರ್ಡ್ ಕೈ ಕಟ್ಟಿಕೊಂಡು ಕುಂತತಿ. ಅದಕ್ಕೆ ಕೆಲ್ಸ ಕೊಡೋ ಪ್ರೊಸೆಸರ್ ಏದುಸಿರು ಬಿಡ್ತತಿ."

"ತಟ್ಟೋಳು ನಿಧಾನ, ಸುಡೋಳು ಹೆಂಚು ಕಾಯಿಸ್ಕೊಂಡು ಕುಂತಾಳೆ ಅನ್ರಿ," ಅಂದೆ.

ಅವರು ನನ್ನನ್ನೇ ನೋಡಿದರು. "ಅಷ್ಟೇ ರೀ ಅದು," ಎಂದರು. ಮುಂದೆ ಯಾವ ಗಿರಾಕಿ ಬಂದರೂ ಅದನ್ನೇ ಹೇಳುತ್ತಿದ್ದರಂತೆ, ನ್ಯಾಮತಿ ರೊಟ್ಟಿ ಅಜ್ಜಿ ಹೇಳಿದ್ದು ಅಂತ ಸೇರಿಸಿ. ಇದನ್ನು ಕೇಳಿದ ದಿನ ನಾನು ರೊಟ್ಟಿಯನ್ನು ಎಂದಿಗಿಂತ ದೊಡ್ಡದಾಗಿ ತಟ್ಟಿದ್ದೆ.

ಪ್ರೊಸೆಸರ್ ಬದಲಿಸಬೇಕು, ಯಾವುದು? ಅದು ಕೂರುವ ಒಳಗಿನ ಬೋರ್ಡಿಗೆ ಹೊಂದುವಂಥವು ಅವರ ಹತ್ತಿರ ಎರಡಿದ್ದವು. ಒಂದು ದೊಡ್ಡದು, ಎಂಟು ಕೋರಿನದು, ಅಂದರೆ ಎಂಟು ಜನ ಒಟ್ಟಿಗೆ ತಟ್ಟಿದ ಹಾಗಂತೆ. ಇನ್ನೊಂದು ಆರು ಕೋರಿನದು. ಮೊಮ್ಮಗಳ ಬೆರಳು ದೊಡ್ಡದರ ಡಬ್ಬಿಯ ಮೇಲೆ ಹೋಯಿತು. ಅವರು ಅದನ್ನು ಈಚೆ ಎಳೆದುಕೊಂಡರು.

"ಇದು ಭಾಳ ಕಾಯ್ತತಿ ಮಗ. ನಿಮ್ಮನೇಲಿ ಒಲೆ ಒಂದು ಸಾಕು. ನಿನ್ನ ಆಟಕ್ಕೆ ಆರು ಕೋರ್ ಸಾಕು, ಇದು ತಣ್ಣಗಿರ್ತತಿ. ಕಾದು ಕಾದು ನಿಧಾನ ಆಗೋ ದೊಡ್ಡದಕ್ಕಿಂತ ಇದು ಹೆಚ್ಚು ಓಡ್ತತಿ."

ಅವಳು ಎರಡೂ ಡಬ್ಬಿ ನೋಡಿ ಚಿಕ್ಕದಕ್ಕೆ ತಲೆಯಾಡಿಸಿದಳು. ಅವರು ಸ್ಕ್ರೂ ಬಿಚ್ಚಿ, ಹಳೆಯ ಪ್ರೊಸೆಸರಿನ ಮೇಲಿನ ಫ್ಯಾನಿಗೆ ಕೈ ಹಾಕಿದರು. ಆಗ ಮೊಮ್ಮಗಳು ಮುಂದಕ್ಕೆ ಬಂದಳು.

"ಅ... ಅ... ಅ..."

ಪ್ರಿಂಟರ್ ರಿಪೇರಿಗೆ ಬಂದಿದ್ದ ಒಬ್ಬ ಯಜಮಾನರು ಬೆಂಚಿನ ಮೇಲೆ ಕೂತಿದ್ದರು. "ಅಂಕಲ್ ಅಂತಾಳೆ," ಎಂದರು. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. "ಅ... ಅಪ್..." ಎಂದಳು. "ಅಪ್ಪನ್ನ ಕೇಳ್ಬೇಕಂತೆ," ಎಂದರು ಯಜಮಾನರು.

ಅಂಗಡಿಯವರ ಅಂಗೈ ಮೇಲೆದ್ದಿತು. ಯಜಮಾನರ ಬಾಯಿ ಮುಚ್ಚಿತು. ಸಿಟ್ಟಿನ ಮನುಷ್ಯ, ಚಹಾ ಬರುವಷ್ಟು ಹೊತ್ತೂ ತಾಳದವರು, ಸ್ಕ್ರೂಡ್ರೈವರ್ ಹಿಡಿದ ಕೈ ಹಾಗೇ ನಿಲ್ಲಿಸಿ ಕಾದರು. ಅವಳ ಬಾಯಿಯನ್ನು ನೋಡಲಿಲ್ಲ, ಕಣ್ಣು ನೋಡುತ್ತಿದ್ದರು. ಏನೂ ಆಗಿಲ್ಲವೆಂಬ ಹಾಗೆ. ಅವಳು ಎರಡು ಸಲ ನಿಲ್ಲಿಸಿ ಮತ್ತೆ ಶುರು ಮಾಡಿದಳು.

"ಅಪ್... ಅಪ್‌ಡೇಟ್ ಮೊದ್ಲು. ಬೋರ್ಡು ಹಳೇದು. ಹೊಸದನ್ನ ಗು... ಗುರ್ತು ಹಿಡಿಯಲ್ಲ."

ಅವರು ಫ್ಯಾನಿನಿಂದ ಕೈ ತೆಗೆದರು. "ಹೌದು ನೋಡು. ಮರ್ತಿದ್ದೆ. ಹಳೇದು ಇರೋವಾಗ್ಲೇ ಬೋರ್ಡಿಗೆ ಹೊಸ ಪಾಠ ಹೇಳ್ಬೇಕು." ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಅಜ್ಜಿ, ಒಂದು ಮಾತು. ಈ ಕೆಲ್ಸದ ನಡುವೆ ಕರೆಂಟ್ ಹೋದ್ರೆ ಬೋರ್ಡೇ ಸತ್ತಂಗೆ. ಆಮೇಲೆ ಹಳೇದೂ ಇಲ್ಲ, ಹೊಸದೂ ಇಲ್ಲ. ನನ್ನ ಯುಪಿಎಸ್ ಬ್ಯಾಟ್ರಿ ಮುದುಕ ಆಗೇತಿ. ಏನು ಮಾಡಾಣ?"

ಹೊರಗೆ ಮೋಡ ಕವಿದು ಗಾಳಿ ಎದ್ದಿತ್ತು. ಅಂದು ಬೆಳಿಗ್ಗೆಯಿಂದ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ನನಗೆ ಏನು ತಿಳಿದೀತು? ಮೊಮ್ಮಗಳ ಮುಖ ನೋಡಿದೆ. ಈ ಸಲ ಅವಳು ತಡವರಿಸಲಿಲ್ಲ. "ಮಾಡಿ," ಎಂದಳು, ಒಂದೇ ಮಾತು.

ಅಷ್ಟರಲ್ಲಿ ಗೋಡೆಯಾಚೆ ಗಿರಣಿ ಗುಡುಗಿತು. ಟ್ಯೂಬ್‌ಲೈಟು ಮಂಕಾಯಿತು, ಯುಪಿಎಸ್ ಕಿರ್ರೆಂದಿತು. ಅಂಗಡಿಯವರು ಎದ್ದು ಹೊರಗೆ ಹೋಗಿ ಗಿರಣಿಯ ಬಾಗಿಲಲ್ಲಿ ನಿಂತು ಅಂಗೈ ಎತ್ತಿದರು. ನಾನೂ ಹಿಂದೆಯೇ ಹೋದೆ. ಬೆಲ್ಟು ನಿಧಾನವಾಗಿ ನಿಂತಿತು. ಜೋಳದ ಪುಟ್ಟಿ ಹಿಡಿದು ಸಾಲಿನಲ್ಲಿ ಕೂತಿದ್ದ ಹೆಂಗಸರೆಲ್ಲ ಇವರ ಕಡೆ ತಿರುಗಿದರು.

"ಯಾಕ್ರೀ, ಏನು ಒಳಗೆ ಆಪರೇಶನ್ ನಡದೈತಾ?" ಎಂದು ಒಬ್ಬಾಕೆ ಕೇಳಿದಳು.

"ಹೂಂ. ತಲೆದು. ಮುಗಿಯೋ ತನ್ಕ ಯಾರೂ ಮೋಟ್ರು ಹಾಕಂಗಿಲ್ಲ."

"ನಮ್ಮ ಮಧ್ಯಾಹ್ನದ ರೊಟ್ಟಿ?"

"ಈ ಅಜ್ಜಿ ಕೊಡ್ತಾಳೆ ಬಿಡ್ರಿ," ಎಂದು ನನ್ನನ್ನು ತೋರಿಸಿದರು. ಹೆಂಗಸರು ಗೊಣಗಿದರು. ಆದರೆ ಯಾರೂ ಎದ್ದು ಹೋಗಲಿಲ್ಲ. ಪುಟ್ಟಿ ಪಕ್ಕಕ್ಕಿಟ್ಟು ಇಬ್ಬರು ಅಂಗಡಿಯ ಬಾಗಿಲಿಗೇ ಬಂದು ಇಣುಕಿದರು.

ಪೆನ್‌ಡ್ರೈವ್ ಚುಚ್ಚಿದರು. ಪರದೆಯ ಮೇಲೆ ಒಂದು ಪಟ್ಟಿ ಎಡದಿಂದ ತುಂಬುತ್ತ ಬಂತು. ಇರುವೆ ನಡೆದಂತೆ. ಅರ್ಧ ದಾಟಿತು. ಹೊರಗೆ ಯಾವುದೋ ತಗಡು ಗಾಳಿಗೆ ಬಡಿಯಿತು. ಟ್ಯೂಬ್‌ಲೈಟು ಆರಿತು.

ಕರೆಂಟು ಹೋಯಿತು.

ಯುಪಿಎಸ್ ಕೂಗತೊಡಗಿತು. ಪರದೆ ಮಾತ್ರ ಬೆಳಗುತ್ತಿತ್ತು. ಅಂಗಡಿಯವರು ಮಬ್ಬಿನಲ್ಲೇ ಎದ್ದು, ಯುಪಿಎಸ್ಸಿಗೆ ಸಿಕ್ಕಿಸಿದ್ದ ಬೇರೆ ಎಲ್ಲ ವೈರುಗಳನ್ನೂ ಒಂದೊಂದಾಗಿ ಕಿತ್ತರು. ಕೊನೆಗೆ ಪರದೆಯ ವೈರನ್ನೂ ಹಿಡಿದು ಮೊಮ್ಮಗಳ ಕಡೆ ನೋಡಿದರು. ಅದನ್ನೂ ಕಿತ್ತರೆ ಬ್ಯಾಟ್ರಿ ಇನ್ನಷ್ಟು ಹೊತ್ತು ಬಂದೀತು. ಆದರೆ ಒಳಗೆ ಏನಾಗುತ್ತಿದೆಯೆಂದು ಯಾರಿಗೂ ಕಾಣದು. ಅವಳು ತಲೆಯಾಡಿಸಿದಳು. ಕಿತ್ತರು. ಪರದೆ ಕಪ್ಪಾಯಿತು. ಯುಪಿಎಸ್ಸಿನ ಕೂಗು, ಕಂಪ್ಯೂಟರಿನ ಫ್ಯಾನಿನ ಸಣ್ಣ ಸದ್ದು. ಆ ಫ್ಯಾನಿನ ಸದ್ದಿಗೆ ಕಿವಿಯಿಟ್ಟು ನಿಂತೆವು. ನಾನು ಮೊಮ್ಮಗಳ ಕೈ ಹಿಡಿದಿದ್ದೆ. ಯುಪಿಎಸ್ಸಿನ ಕೂಗು ಬಿಡುವಿಲ್ಲದಂತಾಯಿತು, ಇನ್ನೇನು ಮುಗಿಯಿತು ಅನ್ನುವ ಹಾಗೆ.

ಆಗ ಫ್ಯಾನು ಒಮ್ಮೆ ನಿಂತು, ತಾನಾಗಿ ಮತ್ತೆ ತಿರುಗಿತು.

"ಮು... ಮುಗೀತು," ಎಂದಳು ಮೊಮ್ಮಗಳು. ಕೆಲಸ ಮುಗಿದಾಗ ಅದು ಹಾಗೆ ಒಮ್ಮೆ ಮಲಗಿ ಏಳುತ್ತದಂತೆ. ಅಂಗಡಿಯವರು ಉಸಿರು ಬಿಟ್ಟದ್ದು ಕೇಳಿಸಿತು.

ಕರೆಂಟು ಬಂದ ಮೇಲೆ ಹೊಸ ಪ್ರೊಸೆಸರ್ ಕೂರಿಸಿದರು. ಬಟಾಣಿಯಷ್ಟು ಪೇಸ್ಟು ಹಚ್ಚಿ, ಹೆಚ್ಚಾದದ್ದನ್ನು ಕಿರುಬೆರಳಿನಿಂದ ಒರೆಸಿದರು. "ಆಡಿ ತೋರ್ಸವ್ವ." ಅವಳು ಹೆಡ್‌ಫೋನ್ ಹಾಕಿ ತನ್ನ ಗುಂಪಿನವರನ್ನು ಕರೆದಳು. ಆಟ ಜೋರಾಯಿತು. ಚಿತ್ರ ನಿಲ್ಲಲಿಲ್ಲ. ಅವಳ ಮಾತು ಹರಿಯತೊಡಗಿತು. "ಬಲಕ್ಕೆ ಒಬ್ಬ ಅದಾನೆ. ನೀನು ಹೋಗ್ಬೇಡ, ನಾನು ಬರ್ತೀನಿ." ಪ್ರಿಂಟರಿನ ಯಜಮಾನರು ಬೆಂಚಿನಿಂದ ಎದ್ದು ನಿಂತಿದ್ದರು. ಬಾಗಿಲಲ್ಲಿದ್ದ ಹೆಂಗಸು, "ಇದೇ ಹುಡುಗಿನಾ ಆಗ್ಲೇ ಮಾತಾಡಾಕೆ ಒದ್ದಾಡ್ತಿದ್ದದ್ದು?" ಎಂದಳು. ಅಂಗಡಿಯವರ ಅಂಗೈ ಮತ್ತೆ ಎದ್ದಿತು. ಆಮೇಲೆ ಗಿರಣಿಯ ಕಡೆ ತಿರುಗಿ, "ಹಾಕ್ಕಳ್ರಿ ಮೋಟ್ರು," ಎಂದು ಕೂಗಿದರು.

ಭಾನುವಾರದ ಆಟದಲ್ಲಿ ಕಂಪ್ಯೂಟರ್ ಒಮ್ಮೆಯೂ ನಿಲ್ಲಲಿಲ್ಲ. ಅವಳ ಜಾಗ ಉಳಿಯಿತು. ಆಮೇಲೂ ನಾವು ಏನಾದರೂ ನೆಪ ಮಾಡಿಕೊಂಡು ಆ ಅಂಗಡಿಗೆ ಹೋಗುತ್ತಿದ್ದೆವು. ಅವಳ ಮಾತು ಎಷ್ಟೇ ಹಿಡಿದುಕೊಂಡರೂ ಅವರು ಒಂದು ಅಕ್ಷರವನ್ನೂ ಅವಳ ಬದಲು ಆಡಲಿಲ್ಲ. ನಾನು ಒಮ್ಮೆ ಕೇಳಿದ್ದೆ, "ಚಹಾಕ್ಕೆ ಕಾಯದವ್ರು ಇದಕ್ಕೆ ಹೆಂಗ್ರೀ ಕಾಯ್ತೀರಿ?" "ಚಹಾ ಆರ್ತತಿ ರೀ. ಮಾತು ಆರಲ್ಲ," ಅಂದಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅಂಗಡಿಯವರು ಎದೆನೋವು ಬಂದು ಹೋಗಿಬಿಟ್ಟರು. ಮಣ್ಣು ಮಾಡುವ ದಿನ ಗಿರಣಿಯವರು ತಾವಾಗಿಯೇ ಮೋಟಾರು ನಿಲ್ಲಿಸಿದ್ದರು. ಪುಟ್ಟಿ ತಂದ ಹೆಂಗಸರು ಯಾಕೆಂದು ಕೇಳಲಿಲ್ಲ.

ಮೊನ್ನೆ ದಾವಣಗೆರೆಯ ಸ್ಪರ್ಧೆಯಲ್ಲಿ ನಮ್ಮವಳ ಗುಂಪು ಗೆದ್ದಿತು. ಗೆದ್ದಿತು ನೋಡಿ, ನನ್ನ ಮೊಮ್ಮಗಳ ಗುಂಪು. ನಾನು ಮುಂದಿನ ಕುರ್ಚಿಯಲ್ಲೇ ಕೂತಿದ್ದೆ, ಮಡಿಲಲ್ಲಿ ಆ ಕಂಬಳಿ. ಹಾಲು ಉಕ್ಕಿದ ಹಾಗೆ ಆಗುತ್ತಿತ್ತು ನನಗೆ. ಆಗ ವೇದಿಕೆಯ ಮೇಲೆ ಅವಳ ಕೈಗೆ ಮೈಕು ಕೊಟ್ಟರು. ಹೆಡ್‌ಫೋನ್ ಇಲ್ಲ, ಆಟ ಇಲ್ಲ, ಎದುರಿಗೆ ಹಾಲ್ ತುಂಬ ಜನ. "ಹೊ... ಹೊ..." ಎಂದು ನಿಂತಳು. ಮಡಿಲಿನ ಕಂಬಳಿಯನ್ನು ನಾನು ಹಿಂಡಿದೆ. ಪಕ್ಕದಲ್ಲಿದ್ದ ನಿರೂಪಕ ನಗುತ್ತ, "ಹೊಸ ಅನುಭವ ಅಂತಿದಾರೆ," ಎಂದು ತನ್ನ ಮೈಕಿನಲ್ಲಿ ಹೇಳಹೊರಟ.

ನನ್ನ ಮೊಮ್ಮಗಳು ಅಂಗೈ ಎತ್ತಿದಳು. ಬಸ್ಸಿಗೆ ಅಡ್ಡ ಹಿಡಿದ ಹಾಗೆ.

ನಿರೂಪಕ ನಿಲ್ಲಿಸಿದ. ಅವಳು ಅವಸರ ಮಾಡಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದಳು, ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡಳು.

"ಹೊ... ಹೊನ್ನಾಳಿ ಅಂಗಡಿ ಅಂಕಲ್‌ಗೆ ಈ ಗೆಲುವು," ಎಂದಳು.