ನಾಲಿಗೆಯ ಪರ ಸಾಕ್ಷಿ ಹೇಳಿದ ಬಿಲ್ಲೆ

ಸಿಹಿ ಮಾಡುವವಳಿಗೆ ಸಕ್ಕರೆ ಕಾಯಿಲೆ ಬಂದರೆ ಊರಿನವರಿಗೆ ಅದು ಅರ್ಧ ಸುದ್ದಿ, ಅರ್ಧ ನಗೆಚಾಟಿಕೆ. ನನಗೆ ಶುಗರ್ ಇದೆ ಎಂದು ಗೊತ್ತಾದ ವಾರದಲ್ಲೇ ಗೋಕಾಕದ ನಮ್ಮ ಓಣಿಯ ತುಂಬ ಡಾಕ್ಟರರು ಹುಟ್ಟಿಕೊಂಡರು. ಒಬ್ಬರು ಹಾಗಲಕಾಯಿ ರಸ ಕುಡಿ ಎಂದರು, ಇನ್ನೊಬ್ಬರು ಬೇವಿನ ಚಿಗುರು ಅಗಿ ಎಂದರು. ನಮ್ಮ ಅಂಗಡಿಯ ಕರದಂಟು ಒಯ್ಯಲು ಅಂಕಲಗಿಯಿಂದ ಬಂದ ಹೆಂಗಸೊಬ್ಬಳು ನನ್ನ ಕೈಯಿಂದಲೇ ಅರ್ಧ ಕಿಲೋ ಕಟ್ಟಿಸಿಕೊಂಡು, "ದಿನಾ ಕಡಾಯಿ ಮುಂದ ಕುಂತ್ರ ಬರಲಾರದ ಇರ್ತೈತೇನ್ರಿ?" ಎಂದು ಹೇಳಿ ಹೋದಳು. ಆಕೆಯ ಪೊಟ್ಟಣದಿಂದ ಎರಡು ತುಂಡು ತೆಗೆದಿಟ್ಟುಕೊಳ್ಳಬೇಕಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ಆ ಕಡಾಯಿಯ ಮುಂದೆ ನಾನು ಕುಳಿತು ಇಪ್ಪತ್ತೇಳು ವರ್ಷವಾಯಿತು. ಮದುವೆಯಾಗಿ ಬಂದ ಮರುವರ್ಷವೇ ಅತ್ತೆ ನನ್ನ ಕೈಗೆ ಪಾಕ ತಿರುವುವ ಹುಟ್ಟು ಕೊಟ್ಟು, ತಮ್ಮ ಮಣೆ ಬಿಟ್ಟು ಎದ್ದರು. ನನ್ನ ಗಂಡ ಶಾಲಾ ಮಾಸ್ತರರು, ಅಂಗಡಿಗೆ ತಲೆ ಹಾಕಿದವರಲ್ಲ. ಗಲ್ಲಾಪೆಟ್ಟಿಗೆ ಮೈದುನನದು, ಭಟ್ಟಿ ನನ್ನದು. ತಿನ್ನುವ ಗೋಂದಾದ ಅಂಟನ್ನು ಕರಿಯುವುದು, ಕೊಬ್ಬರಿ ತುರಿಯುವುದು, ಉತ್ತತ್ತಿ ಹೆಚ್ಚುವುದು ಯಾರು ಬೇಕಾದರೂ ಕಲಿಯಬಹುದಾದ ಕೆಲಸ. ಆದರೆ ಬೆಲ್ಲ ಕರಗಿ ಕುದಿದು ಪಾಕವಾಗುತ್ತದಲ್ಲ, ನಾವು ಅದಕ್ಕೆ ಆಣ ಎನ್ನುತ್ತೇವೆ, ಅದನ್ನು ಯಾವ ಗಳಿಗೆಯಲ್ಲಿ ಇಳಿಸಬೇಕು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ತಡವಾದರೆ ಕರದಂಟು ಕಲ್ಲಾಗುತ್ತದೆ, ಬೇಗ ಇಳಿಸಿದರೆ ಕೈಗೆ ಮೆತ್ತಿಕೊಳ್ಳುತ್ತದೆ. ನಾನು ತಣ್ಣೀರಿಗೆ ಒಂದು ಹನಿ ಆಣ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಮುಂದಿನ ಹಲ್ಲಿನಲ್ಲಿ ಕಚ್ಚಿ, ನಾಲಿಗೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಹಲ್ಲು ಹದ ಹೇಳುತ್ತದೆ, ನಾಲಿಗೆ ಬೆಲ್ಲದ ಗುಣ ಹೇಳುತ್ತದೆ. ಸವಳು ಹಿಡಿದ ಹೊಲದ ಕಬ್ಬಿನ ಬೆಲ್ಲವಾದರೆ ಸಿಹಿಯ ಹಿಂದೆಯೇ ಸಣ್ಣಗೆ ಉಪ್ಪು ಬರುತ್ತದೆ. ಒಂದು ಕಡಾಯಿಗೆ ಒಂದು ಸಲ, ಕಡಲೆಕಾಳಿನಷ್ಟು. ನನ್ನ ಅಪರಾಧ ಇಷ್ಟೇ.

ಹೋದ ವರ್ಷ, ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಯಲ್ಲಿ ಅಂಕಿ ಏರಿತು. ನಾನು ಒಂದು ದಿನವೂ ಗುಳಿಗೆ ತಪ್ಪಿಸಿರಲಿಲ್ಲ. ಚಹಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟು ವರ್ಷದ ಮೇಲಾಗಿತ್ತು. ಆದರೂ ಮನೆಯಲ್ಲಿ ತೀರ್ಪು ಹೊರಬೀಳಲು ಹೊತ್ತು ಹಿಡಿಯಲಿಲ್ಲ: ಎಲ್ಲ ಆ ಆಣದಿಂದಲೇ. ಮೈದುನ ಬೆಳಗಾವಿಗೆ ಹೋಗಿ, ಕುದಿಯುವ ಪಾಕದಲ್ಲಿ ಅದ್ದುವ ಉದ್ದನೆಯ ಥರ್ಮಾಮೀಟರ್ ಒಂದನ್ನು ತಂದ. ಅತ್ತಿಗೆಗೆ ನಮ್ಮ ಕಡೆ ವೈನಿ ಎನ್ನುತ್ತಾರೆ.

"ವೈನಿ, ಇನ್ನ ನೀವು ಬಾಯಾಗ ಹಾಕ್ಕೊಳ್ಳೂದ ಬ್ಯಾಡ್ರಿ. ಇದರಾಗ ಡಿಗ್ರಿ ನೋಡಿ ಇಳಿಸಿದ್ರ ಆತು. ನೀವು ಪ್ಯಾಕಿಂಗ್ ಕಡೆ ಕುಂದರ್ರಿ. ನಿಮ್ಮ ಸಲುವಾಗೇ ಹೇಳಾಕತ್ತೇನಿ."

ನಿಮ್ಮ ಸಲುವಾಗಿ ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ಜೀವಮಾನದಲ್ಲಿ ನನ್ನಿಂದ ಏನನ್ನಾದರೂ ಕಸಿದುಕೊಂಡವರೆಲ್ಲ ಹಾಗೆ ಹೇಳಿಯೇ ಕಸಿದುಕೊಂಡಿದ್ದಾರೆ. ನಾಲ್ಕು ದಿನ ಬಾಯಿ ಮುಚ್ಚಿಕೊಂಡು ಡಬ್ಬಿಗಳಿಗೆ ಲೇಬಲ್ ಹಚ್ಚಿದೆ. ಭಟ್ಟಿಯ ಕಡೆಯಿಂದ ಬರುವ ವಾಸನೆಯಲ್ಲೇ ಆಣ ಹದ ಮೀರುತ್ತಿದೆ ಎಂದು ಗೊತ್ತಾಗುತ್ತಿತ್ತು. ಕೂಗಿ ಹೇಳಿದರೆ, "ಡಿಗ್ರಿ ಇನ್ನೂ ಆಗಿಲ್ರಿ ವೈನಿ" ಎಂಬ ಉತ್ತರ. ಆ ಮಣೆ ಹೋದರೆ ಈ ಮನೆಯಲ್ಲಿ ನಾನು ಯಾರು? ಮಾಸ್ತರರ ಹೆಂಡತಿ, ಶುಗರ್ ಇರುವಾಕೆ. ಅಷ್ಟೇ ಆಗಿ ಉಳಿಯಲು ನಾನು ತಯಾರಿರಲಿಲ್ಲ.

ಹುಕ್ಕೇರಿಗೆ ಕೊಟ್ಟಿರುವ ಮಗಳು ಆ ವಾರ ಬಂದಿದ್ದಳು. ನಾನು ಲೇಬಲ್ ಹಚ್ಚುವುದನ್ನು ನೋಡಿ ಅವಳಿಗೂ ಸಿಟ್ಟು ಬಂತು. ಅವಳೇ ಮೊಬೈಲಿನಲ್ಲಿ ಆ ಬಿಲ್ಲೆಯನ್ನು ತೋರಿಸಿದ್ದು. ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು, ತೋಳಿನ ಹಿಂಭಾಗಕ್ಕೆ ಅಂಟಿಸಿಕೊಳ್ಳುವುದು. ಅದರ ಅಡಿಯ ಕೂದಲೆಳೆಯಂಥ ತಂತಿ ಚರ್ಮದೊಳಗೆ ಕುಳಿತು, ಸಕ್ಕರೆ ಏರಿದ್ದು ಇಳಿದದ್ದನ್ನೆಲ್ಲ ಗೆರೆಯ ರೂಪದಲ್ಲಿ ಮೊಬೈಲಿಗೆ ಕಳಿಸುತ್ತದಂತೆ. ಬಾಳಿಕೆ ಎರಡು ವಾರ. ಆಮೇಲೆ ಕಿತ್ತು ಬಿಸಾಡಬೇಕು. ಬೆಲೆ ಐದು ಸಾವಿರದ ಆಸುಪಾಸು.

"ಎರಡ ವಾರಕ್ಕ ಐದ ಸಾವಿರಾ?" ಮೈದುನ ಹೌಹಾರಿದ. "ಬೆರಳ ಚುಚ್ಚಿ ನೋಡೂ ಮಷೀನ್ ಮನ್ಯಾಗ ಐತೆಲ್ರಿ!"

ಐತಿ. ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ನಿಂತಿರುವ ಬಸ್ಸನ್ನು ನೋಡಿದರೆ ನಿನ್ನೆ ಅದು ಎಲ್ಲೆಲ್ಲಿ ಸುತ್ತಿತು ಎಂದು ತಿಳಿಯುತ್ತದೆಯೇ? ನನಗೆ ಬೇಕಾದದ್ದು ಆ ಸುತ್ತಾಟದ ಲೆಕ್ಕ. ಹಾಗೆಂದು ಬೆಲೆ ನನಗೂ ಹೆಚ್ಚೆನಿಸದೇ ಇರಲಿಲ್ಲ, ಸುಳ್ಳೇಕೆ ಹೇಳಲಿ. ಎರಡು ವಾರಕ್ಕೆ ಬಿಸಾಡುವ ವಸ್ತುವಿಗೆ ಅಷ್ಟೊಂದು ಹಣ ನನ್ನ ಮೇಲೆ ಯಾವತ್ತೂ ಖರ್ಚಾಗಿರಲಿಲ್ಲ. ನಮ್ಮ ಡಾಕ್ಟರರನ್ನೇ ನೇರವಾಗಿ ಕೇಳಿದೆ. ಅವರು ವ್ಯಾಪಾರದ ಮಾತಾಡಲಿಲ್ಲ.

"ಇನ್ಸುಲಿನ್ ತೊಗೊಳ್ಳೋರಿಗೆ, ಶುಗರ್ ಒಮ್ಮೆಲೆ ಇಳಿಯೋರಿಗೆ ಇದರ ಮಾತ ಬ್ಯಾರೆ. ನಿಮ್ಮದು ಬರೇ ಗುಳಿಗಿ. ನಿಮ್ಮ ಹತ್ರ ಏನರ ಪ್ರಶ್ನಿ ಇದ್ರ ಒಮ್ಮೆ ಹಾಕ್ಕೊಂಡ ನೋಡ್ರಿ. ಪ್ರಶ್ನಿ ಇಲ್ಲಂದ್ರ ರೊಕ್ಕ ದಂಡ."

ನನ್ನ ಹತ್ತಿರ ಪ್ರಶ್ನೆ ಇತ್ತು. ಒಂದೇ ಒಂದು, ಆದರೆ ಗಟ್ಟಿಯಾದದ್ದು.

ಮನೆಗೆ ಬಂದು ಹೇಳಿದಾಗ ಗಂಡ, "ನನ್ನ ಪಗಾರದಾಗ ತರಸ್ತೇನಿ, ಸುಮ್ನಿರು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಆ ಪಗಾರ ಎಂಬ ಮಾತು ಎಲ್ಲೋ ನಟ್ಟಿತು. ಅವರಿಗೆ ಪಗಾರ ಇತ್ತು. ಭಟ್ಟಿಗೆ ಸೌದೆ ಹಾಕುವವನಿಗೆ ಪಗಾರ ಇತ್ತು, ಡಬ್ಬಿ ತುಂಬುವ ಹೆಂಗಸರಿಗೆ ವಾರದ ಕೂಲಿ ಇತ್ತು. ಇಪ್ಪತ್ತೇಳು ವರ್ಷ ಆಣ ಇಳಿಸಿದ ನನಗೆ ಏನೂ ಇರಲಿಲ್ಲ, ಇಲ್ಲವೆಂಬುದು ನನ್ನ ತಲೆಗೂ ಬಂದಿರಲಿಲ್ಲ.

"ಬ್ಯಾಡ್ರಿ," ಎಂದೆ ಗಂಡನಿಗೆ. ಮೈದುನನ ಕಡೆ ತಿರುಗಿದೆ. "ಥರ್ಮಾಮೀಟರ್ ಅಂಗಡಿ ರೊಕ್ಕದಾಗ ಬಂತಿಲ್ಲೋ? ಇದೂ ಅದರಾಗೇ ಬರ್ಲಿ. ನನ್ನ ಮ್ಯಾಲೆ ಆರೋಪ ಹೊರಿಸಿದ್ದು ಅಂಗಡಿ."

ಮೈದುನ ಕೆಟ್ಟವನಲ್ಲ. ತಲೆ ಕೆರೆದುಕೊಂಡು, "ಆತ್ರಿ. ಆದ್ರ ಆಣ ನೋಡಿದ್ದಕ್ಕ ಶುಗರ್ ಏರ್ತೈತಿ ಅಂತ ಬಂದ್ರ, ಮತ್ತ ಭಟ್ಟಿ ಮಾತ ತಗೀಬಾರ್ದ್ರಿ" ಎಂದ.

"ಆಗ್ಲಿ. ಏರಲಿಲ್ಲಂದ್ರ?"

"ಭಟ್ಟಿ ಮುಂದಿನ ಮಣಿ ನಿಮಗ."

ಬಿಲ್ಲೆ ಹಚ್ಚಿದಾಗ ಇರುವೆ ಕಡಿದಷ್ಟೂ ನೋಯಲಿಲ್ಲ. ನೆಗೆಣ್ಣಿ, ಎಂದರೆ ಮೈದುನನ ಹೆಂಡತಿ, "ಅಕ್ಕಾ, ಸೆರಗ ಹೊತ್ಕೋರಿ, ಮಂದಿ ಕೇಳ್ತಾರ" ಎಂದಳು. ನಾನು ಸೆರಗನ್ನು ಸೊಂಟಕ್ಕೆ ಸಿಗಿಸಿ, ತೋಳು ಕಾಣುವ ಹಾಗೆಯೇ, ಪರೀಕ್ಷೆಗೆಂದು ಮತ್ತೆ ಭಟ್ಟಿಯ ಮುಂದೆ ಕುಳಿತೆ. ಕೇಳಲಿ, ಯಾಕೆ ಕೇಳಬಾರದು? ಮೊದಲ ದಿನದ ಅಂಕಿಯನ್ನು ನಂಬಬೇಡಿ, ಆಮೇಲೆ ತಿಂದದ್ದೆಲ್ಲ ಬರೆದಿಡಿ ಎಂದು ಡಾಕ್ಟರ್ ಹೇಳಿದ್ದರು. ಹಳೆಯ ಹಾಜರಿ ಪುಸ್ತಕವೊಂದನ್ನು ಗಂಡನಿಂದ ಇಸಿದುಕೊಂಡು ಪೆನ್ಸಿಲಿನಿಂದ ಬರೆದೆ: ರೊಟ್ಟಿ ಎಷ್ಟು, ಪಲ್ಯ ಏನು, ಆಣ ಎಷ್ಟು ಸಲ, ಎಷ್ಟು ಗಂಟೆಗೆ.

ಎರಡನೆಯ ದಿನ ನಾಲ್ಕು ಕಡಾಯಿ ಇಳಿಸಿದೆ, ನಾಲ್ಕು ಸಲ ನಾಲಿಗೆಗೆ ಹಚ್ಚಿಕೊಂಡೆ. ಗೆರೆ ಸಣ್ಣಗೆ ಉಬ್ಬಿ ಮಲಗಿತು. ಆದರೆ ಸಂಜೆ ಆರಕ್ಕೆ ಮೊಬೈಲ್ ನೋಡಿದರೆ ಗೆರೆ ಗೋಕಾಕ ಫಾಲ್ಸ್ ತಲೆಕೆಳಗಾದ ಹಾಗೆ ಮೇಲಕ್ಕೆ ಹಾರಿದೆ! ಬಿಲ್ಲೆ ಕೆಟ್ಟಿತೆಂದು ಬೆರಳು ಚುಚ್ಚಿ ನೋಡಿದೆ. ಅದೂ ಹತ್ತಿರ ಹತ್ತಿರ ಅಷ್ಟೇ ತೋರಿಸಿತು. ಪುಸ್ತಕ ತೆಗೆದು ನೋಡಿದರೆ, ಐದು ಗಂಟೆಯ ಎದುರಿಗೆ ನನ್ನದೇ ಅಕ್ಷರ: ಚುರಮರಿ, ಒಂದು ದೊಡ್ಡ ಬಟ್ಟಲು.

ನನಗೆ ಶುಗರ್ ಬಂದಂದಿನಿಂದ ನೆಗೆಣ್ಣಿ ಸಂಜೆಯ ರೊಟ್ಟಿ ತಪ್ಪಿಸಿ ಚುರಮರಿ ಕೊಡುತ್ತಿದ್ದಳು. ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಒಗ್ಗರಣೆ ಕೊಟ್ಟು, ಪ್ರೀತಿಯಿಂದ. ಚುರಮರಿ ಎಂದರೆ ಅರ್ಧ ಗಾಳಿ, ಹೊಟ್ಟೆಗೂ ಭಾರವಿಲ್ಲ, ಶುಗರಿಗೂ ಭಾರವಿಲ್ಲ ಎಂದು ನಮ್ಮ ಕಡೆ ಎಲ್ಲರ ನಂಬಿಕೆ. ನಾನೂ ನಂಬಿದ್ದೆ. ಅಕ್ಕಿಯನ್ನೇ ಉಬ್ಬಿಸಿ ಮಾಡಿದ್ದು ಅದು ಎಂದು ಇಡೀ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಒಂದೇ ದಿನದ ಸಾಕ್ಷಿಗೆ ಮೈದುನ ಬಗ್ಗುವವನಲ್ಲ. ಮರುದಿನ ಆಣ ಮುಟ್ಟದೆ ಬರೀ ಚುರಮರಿ ತಿಂದೆ. ಗೆರೆ ಮತ್ತೆ ಹಾರಿತು. ಅದರ ಮರುದಿನ ಆಣ ನೋಡಿದೆ, ಸಂಜೆಗೆ ಅರ್ಧ ಜೋಳದ ರೊಟ್ಟಿ, ಮೊಳಕೆಯ ಹೆಸರುಕಾಳಿನ ಪಲ್ಯ ತಿಂದೆ. ಗೆರೆ ತೆಪ್ಪಗೆ ಕುಳಿತಿತು. ಇದನ್ನು ತಿರುಗಿಸಿ ಮುರುಗಿಸಿ ಮೂರು ಸಲ ಮಾಡಿದೆ. ಸೋತರೆ ಸೋತೆ ಎಂದು ಹೇಳಲು ತಯಾರಿದ್ದೆ, ಆದ್ದರಿಂದ ಇನ್ನೊಂದನ್ನೂ ಮುಚ್ಚಿಡುವುದಿಲ್ಲ: ಕೊಣ್ಣೂರಿನ ಮದುವೆಯೊಂದಕ್ಕೆ ಒಂದೇ ದಿನ ಒಂಬತ್ತು ಕಡಾಯಿ ಮಾಡಿದಾಗ ಆ ಸಣ್ಣ ಉಬ್ಬುಗಳೆಲ್ಲ ಸೇರಿ ದಿಬ್ಬವಾದವು. ಅಂದಿನಿಂದ ಕಡಲೆಕಾಳನ್ನು ಅಕ್ಕಿಕಾಳಿಗೆ ಇಳಿಸಿದೆ, ರುಚಿ ನೋಡಿ ಬಾಯಿ ಮುಕ್ಕಳಿಸಿ ಉಗುಳತೊಡಗಿದೆ. ಮರುದಿನ ಕಡಾಯಿಗಳು ಬಹಳವಿದ್ದರೂ ದಿಬ್ಬ ಏಳಲಿಲ್ಲ. ಆ ತಿದ್ದುಪಡಿ ನನ್ನದು, ಯಾರೂ ಹೇರಿದ್ದಲ್ಲ.

ನೆಗೆಣ್ಣಿಗೆ ತೋರಿಸಿದಾಗ ಅವಳ ಕಣ್ಣಲ್ಲಿ ನೀರು. "ಹಗರ ಅಂತ ಕೊಡ್ತಿದ್ನಿರಿ ಅಕ್ಕಾ."

"ನಾನೂ ಹಗರ ಅಂತ ತಿಂತಿದ್ನಿ," ಎಂದೆ. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ವಿಚಾರಣೆಯಿಲ್ಲದೆ ನಾಲಿಗೆಯನ್ನು ಕಟಕಟೆಗೆ ಹತ್ತಿಸಿದವರ ಮೇಲೆ.

ಮೈದುನ ಭಟ್ಟಿಯ ಹತ್ತಿರ ನಿಂತು ಪುಸ್ತಕ, ಮೊಬೈಲು ಎರಡನ್ನೂ ತಿರುವಿ ಹಾಕಿದ. ಅವನ ಥರ್ಮಾಮೀಟರ್ ಕಡಾಯಿಯಲ್ಲೇ ಇತ್ತು. "ಮಷೀನ್ ತಪ್ಪೂ ತೋರಸ್ತಾವ್ರಿ ವೈನಿ," ಎಂದ ಕೊನೆಗೆ.

"ನಿನ್ನ ಮಷೀನ್ ಖರೆ, ನನ್ನ ಮಷೀನ್ ಸುಳ್ಳೇನೋ?"

ಅವನು ಕಡಾಯಿಯ ಕಡೆ ತಿರುಗಿದ. ಅವತ್ತು ಮೂಡಲಗಿ ಕಡೆಯ ಗಾಣದಿಂದ ಹೊಸ ಬೆಲ್ಲ ಬಂದಿತ್ತು, ಅದರದೇ ಮೊದಲ ಕಡಾಯಿ ಕುದಿಯುತ್ತಿತ್ತು. ಡಿಗ್ರಿ ಸರಿಯಾಗಿದೆ, ಇಳಿಸೋಣ ಎಂದ. ನಾನು ಒಂದು ಹನಿ ನೀರಿಗೆ ಬಿಟ್ಟು, ಅಕ್ಕಿಕಾಳಿನಷ್ಟು ನಾಲಿಗೆಯ ಮೇಲೆ ಇಟ್ಟುಕೊಂಡೆ.

"ಅಂಟು, ಕೊಬ್ಬರಿ ಹಾಕಬ್ಯಾಡ. ಸವಳ ಬೆಲ್ಲ ಐತಿ."

ಅವನೂ ಬಾಯಿಗೆ ಹಾಕಿಕೊಂಡ, ಚಪ್ಪರಿಸಿದ, ಮುಖ ಸಿಂಡರಿಸಿ ಉಗುಳಿದ. ಹತ್ತು ಕಿಲೋ ಗೋಡಂಬಿ, ಬಾದಾಮಿ ಪರಾತದಲ್ಲಿ ಸಿದ್ಧವಾಗಿ ಕುಳಿತಿದ್ದವು. ಅವುಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಥರ್ಮಾಮೀಟರನ್ನು ತೊಳೆದು ಗೋಡೆಯ ಮೊಳೆಗೆ ನೇತುಹಾಕಿದ. ಕಾಲಿನಿಂದ ಮಣೆಯನ್ನು ನನ್ನ ಕಡೆ ಸರಿಸಲು ಹೋಗಿ, ತಪ್ಪಾಯಿತೆಂದು ತಿಳಿದು, ಬಗ್ಗಿ ಕೈಯಿಂದ ಸರಿಸಿದ.

ಹದಿನಾಲ್ಕನೆಯ ದಿನ ಬಿಲ್ಲೆ ಕಿತ್ತೆ. ಮುಂದಿನ ರಕ್ತಪರೀಕ್ಷೆಯಲ್ಲಿ ಅಂಕಿ ಇಳಿದಿತ್ತು. ಅಷ್ಟಾದ ಮೇಲೆ ಎಲ್ಲರೂ ಪಕ್ಷ ಬದಲಾಯಿಸಿದರು! ಐದು ಸಾವಿರಕ್ಕೆ ಹೌಹಾರಿದವನೇ ಈಗ, "ವರ್ಷಾ ಪೂರ್ತಿ ಹಾಕ್ಕೊಂಡ ಬಿಡ್ರಿ ವೈನಿ. ನನ್ನ ಫೋನಿನ್ಯಾಗೂ ಕಾಣೂವಂಗ ಮಾಡ್ರಿ, ನಾ ಮ್ಯಾಲಿಂದ ಮ್ಯಾಲೆ ನೋಡ್ತಿರ್ತೇನಿ. ನಿಮ್ಮ ಸಲುವಾಗೇ" ಎನ್ನತೊಡಗಿದ. ಮತ್ತದೇ ಮಾತು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆ ಉತ್ತರಕ್ಕೆ ಐದು ಸಾವಿರ ಹೆಚ್ಚಾಯಿತು ಎಂದು ನಾನು ಹೇಳುವುದಿಲ್ಲ. ಔಷಧ ಬದಲಾದರೆ, ಹೊಸ ಪ್ರಶ್ನೆ ಹುಟ್ಟಿದರೆ ಇನ್ನೊಮ್ಮೆ ಹಚ್ಚಿಕೊಳ್ಳುತ್ತೇನೆ. ಆದರೆ ನನ್ನ ತಟ್ಟೆಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಎಲ್ಲರಿಗೂ ತೋರಿಸಲು ಯಾರೂ ನನಗೆ ಬಿಲ್ಲೆ ಹಚ್ಚಬೇಕಾಗಿಲ್ಲ.

ದೀಪಾವಳಿಗೆ ಮುಂಚೆ ಮೈದುನ ಎಂದಿನಂತೆ ತರಬೇಕಾದ ಸಾಮಾನುಗಳ ಪಟ್ಟಿ ಮಾಡಿ ನನಗೆ ಓದಲು ಕೊಟ್ಟ. ಬೆಲ್ಲ, ಅಂಟು, ಕೊಬ್ಬರಿ, ಉತ್ತತ್ತಿ, ಗಸಗಸೆ, ಡಬ್ಬಿ. ಎಲ್ಲದರ ಕೆಳಗೆ ಬರೆದಿದ್ದ: ವೈನಿ ಮಷೀನ್, ತಿಂಗಳಿಗೆ ಎರಡು.

ಹಾಜರಿ ಪುಸ್ತಕದ ಪೆನ್ಸಿಲು ಕೈಯಲ್ಲೇ ಇತ್ತು. ವೈನಿ ಎಂಬುದೊಂದನ್ನು ಉಳಿಸಿ ಮಿಕ್ಕದ್ದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಪಗಾರ ಎಂದು ಬರೆದು ಪಟ್ಟಿಯನ್ನು ಹಿಂದಿರುಗಿಸಿದೆ.

ಅವನು ಬಹಳ ಹೊತ್ತು ಓದಿದ. ಎರಡೇ ಪದ ಇದ್ದವು. "ಎಷ್ಟ ಬರೀಲ್ರಿ?" ಎಂದ.

"ತಿಂಗಳಿಗೆ ಎರಡ ಬಿಲ್ಲೆಗೆ ಎಷ್ಟ ಅಕ್ಕೈತೋ ಅಷ್ಟ ಬರಿ," ಎಂದೆ. "ಕೊಳ್ಳೂದು ಬಿಡೂದು ನಾ ನೋಡ್ಕೋತೇನಿ."