ಹಸಿರು ಖಣದ ಪೆಟ್ಟಿಗೆ

ನಮ್ಮ ಮನೆಯಲ್ಲಿ ಒಡವೆ ಇಲ್ಲ, ಒಡವೆಯ ಪೆಟ್ಟಿಗೆ ಮಾತ್ರ ತಯಾರಾಗುತ್ತಿದೆ. ಇದ್ದಬದ್ದ ಬಂಗಾರವೆಲ್ಲ ಜಮಖಂಡಿಯ ಬ್ಯಾಂಕಿನ ಲಾಕರಿನಲ್ಲಿ ಮಲಗಿದೆ. ಮಗಳ ಮದುವೆಯ ದಿನ ಎದ್ದು ಬಂದು, ಮರುದಿನ ಮತ್ತೆ ಹೋಗಿ ಮಲಗಲಿದೆ. ಹಾಗಾದರೆ ಪೆಟ್ಟಿಗೆಯಲ್ಲಿ ಇಡುವುದೇನು ಎಂದು ಹೆಂಡತಿ ಶೋಭಾಳನ್ನು ಕೇಳಿದೆ. "ಆರ್ಟಿಫಿಶಿಯಲ್ ಸೆಟ್ಟು," ಎಂದಳು, ಇದರಲ್ಲಿ ಕೇಳುವುದೇನಿದೆ ಎಂಬಂತೆ. ಸುಳ್ಳು ಒಡವೆಗೆ ರಟ್ಟಿನ ಪೆಟ್ಟಿಗೆ. ಇಂಥ ಹೊಂದಾಣಿಕೆಯನ್ನು ನಾನು ಮದುವೆಯ ಜಾತಕಗಳಲ್ಲೂ ಕಂಡಿಲ್ಲ.

ಈ ವಿದ್ಯೆ ಮೊಬೈಲಿನಿಂದ ಬಂದದ್ದು. ಅದರಲ್ಲಿ ಕಲಿಸುವಾಕೆಗೆ ಮುಖವಿಲ್ಲ, ಉಗುರಿಗೆ ಬಣ್ಣ ಬಳಿದ ಎರಡು ಕೈಗಳಷ್ಟೇ ಇವೆ. ಹಿಂದೆ ಕೊಳಲು ನುಡಿಯುತ್ತಿರುವಾಗಲೇ ಆ ಕೈಗಳು ಪೆಟ್ಟಿಗೆ ಮುಗಿಸಿ ಮುಚ್ಚಳ ಹಾಕಿಬಿಡುತ್ತವೆ. ನಮ್ಮ ಪಡಸಾಲೆಯಲ್ಲಿ ಮಾತ್ರ ವಾರದಿಂದ ಅಂಟು ಒಣಗುತ್ತಲೇ ಇದೆ. ರಟ್ಟು ನನ್ನ ಬೂಟಿನ ಡಬ್ಬಿಯದು, ಮೆತ್ತೆಯ ಹತ್ತಿ ನನ್ನ ದಿಂಬಿನದು. ದಿಂಬು ತೆಳುವಾದಷ್ಟೂ ಮುಚ್ಚಳ ಉಬ್ಬಿ, ಪೆಟ್ಟಿಗೆಯ ಮೇಲೆ ಕೂರಲು ಒಪ್ಪದೆ ಬಾಯಿ ತೆರೆಯಿತು. ಅದನ್ನು ಒಪ್ಪಿಸಲು ಶೋಭಾ ಈಗ ಖಾರ ಕುಟ್ಟುವ ಕಲ್ಲು ಹೇರಿದ್ದಾಳೆ.

ನಮ್ಮ ಹಿರಿಯರಿಗೆ ಅಲಂಕಾರ ತಿಳಿಯದಿದ್ದರೂ ಬುದ್ಧಿಯಿತ್ತು. ಬಂಗಾರವನ್ನು ನೆಲದಡಿಯ ಜೋಳದ ಹಗೇವಿನಲ್ಲಿ ಹುಗಿಯುತ್ತಿದ್ದರು, ಸಗಣಿ ಕುಳ್ಳಿನ ಒಟ್ಟಿಲಲ್ಲಿ ಸಿಕ್ಕಿಸುತ್ತಿದ್ದರು. ಕದಿಯಲು ಬಂದವನು ಮೊದಲು ಆ ಮನೆಯ ಕಸ ಹೊಡೆಯಬೇಕಿತ್ತು. ನಾವೋ, ಪೆಟ್ಟಿಗೆಗೆ ಮದುಮಗಳ ಹಾಗೆ ಜರಿ ಉಡಿಸಿ, ಕಳ್ಳ ಕಣ್ಣು ಬಿಟ್ಟ ಕೂಡಲೇ ಕಾಣುವ ಹಾಗೆ ಕನ್ನಡಿಯ ಮುಂದೆ ಇಡುತ್ತೇವೆ. ಪಾಪ, ಅವನಿಗೂ ಮೋಸ.

ಇಷ್ಟು ಹೊತ್ತು ನಾನು ಸುಖವಾಗಿಯೇ ಇದ್ದೆ. ತಿರಸ್ಕಾರದಷ್ಟು ಹಗುರವಾದ ಕೆಲಸ ಇನ್ನೊಂದಿಲ್ಲ. ತೊಂದರೆ ಬಂದದ್ದು ಹೊದಿಕೆಯ ಬಟ್ಟೆ ಆರಿಸುವಾಗ.

ನಮ್ಮ ಕಡೆ ಪ್ರತಿ ಮನೆಯಲ್ಲೂ ಖಣಗಳ ಒಂದು ಟ್ರಂಕು ಇರುತ್ತದೆ. ಮನೆಗೆ ಬಂದ ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಅಕ್ಕಿ, ತೆಂಗಿನಕಾಯಿಯ ಜೊತೆ ಕುಪ್ಪಸಕ್ಕೆಂದು ಒಂದು ಖಣ ಕೊಡಬೇಕು. ಈಗ ಅದನ್ನು ಯಾರೂ ಹೊಲಿಸುವುದಿಲ್ಲ, ಬಂದದ್ದನ್ನು ಮಡಿಕೆ ಬಿಚ್ಚದೆ ಇನ್ನೊಬ್ಬರ ಉಡಿಗೆ ಸಾಗಿಸುತ್ತಾರೆ. ಹೀಗೆ ಖಣಗಳು ಜಮಖಂಡಿಯಿಂದ ಮುಧೋಳಕ್ಕೆ, ಮುಧೋಳದಿಂದ ಬೀಳಗಿಗೆ ಊರೂರು ತಿರುಗಿ, ಒಂದು ದಿನ ಕೊಟ್ಟವರ ಟ್ರಂಕಿಗೇ ಬಂದು ಬೀಳುತ್ತವೆ. ಶೋಭಾಳ ತವರು ಬನಹಟ್ಟಿ. ಮಗ್ಗದ ಸದ್ದಿನಲ್ಲಿ ಬೆಳೆದವಳಿಗೆ ಬಟ್ಟೆಯ ಮೇಲೆ ಅಂಥ ಭಕ್ತಿಯೇನಿಲ್ಲ. ಟ್ರಂಕಿನಿಂದ ಕೆಂಪು ಅಂಚಿನ ಹಸಿರು ಖಣವೊಂದನ್ನು ಎಳೆದು ಕತ್ತರಿ ಎತ್ತಿದಳು.

"ಅದನ್ನ ಮುಟ್ಟಬ್ಯಾಡ," ಎಂದೆ. "ಅದು ಅವ್ವಂದು."

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಬೀಳಗಿ ಕಡೆಯ ನಮ್ಮ ಹಳ್ಳಿ ಕೃಷ್ಣೆಯ ಹಿನ್ನೀರಿಗೆ ಹೋದಾಗ ನಾನಿನ್ನೂ ಸಾಲಿಗೆ ಹೋಗುವ ಹುಡುಗ. ಊರು ಬಿಟ್ಟ ದಿನ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೊಡ ಕೊಪ್ಪರಿಗೆಗಳ ನಡುವೆ ಅವ್ವ ನನಗೆ ಬೆನ್ನು ಹಾಕಿ, ಮನೆಯ ಕಡೆ ಮುಖ ಮಾಡಿ ಕೂತಿದ್ದಳು. ಮೈಮೇಲೆ ಈ ಹಸಿರಿನದೇ ಕುಪ್ಪಸ. ಮುಂದೆ ವರ್ಷದೊಳಗೆ ಅವ್ವ ತೀರಿಕೊಂಡಳು. ಅವಳ ಮುಖ ಗೋಡೆಯ ಫೋಟೋದಲ್ಲಿದೆ, ಅದೂ ಕಪ್ಪು ಬಿಳುಪು. ಫೋಟೋದ ಹಂಗಿಲ್ಲದೆ ನನ್ನದಾಗಿ ಉಳಿದದ್ದು ಆ ಹಸಿರು ಬೆನ್ನೊಂದೇ. ಧಾರವಾಡದಲ್ಲಿ ತತ್ವಶಾಸ್ತ್ರ ಓದಿ ದೇವರಿಂದ ಹಿಡಿದು ಹವಾಮಾನ ವರದಿಯವರೆಗೆ ಎಲ್ಲವನ್ನೂ ಸಂಶಯಿಸಲು ಕಲಿತವನು ನಾನು. ಈ ಬೆನ್ನನ್ನು ಮಾತ್ರ ಎಂದೂ ವಿಚಾರಣೆಗೆ ಕರೆದಿರಲಿಲ್ಲ.

ಮದುವೆಯ ಕೆಲಸಕ್ಕೆಂದು ಬೀಳಗಿಯಿಂದ ಬಂದಿದ್ದ ನಮ್ಮಕ್ಕ ಗಂಗವ್ವ ಅವಲಕ್ಕಿ ತಿನ್ನುತ್ತ ಎಲ್ಲ ಕೇಳಿಸಿಕೊಂಡಳು. ಕೈ ಒರೆಸಿಕೊಂಡು ಖಣದ ಮಡಿಕೆ ಬಿಚ್ಚಿ ನೋಡಿದಳು.

"ಲೇ ತಮ್ಮಾ, ಧಾರವಾಡದಾಗ ನಿನಗ ಏನ್ ಕಲಿಸ್ಯಾರೋ? ಅವ್ವ ತೊಟ್ಟಿದ್ಲು ಅಂತಿ. ಇದು ಇನ್ನೂ ಸೂಜಿನ ಕಂಡಿಲ್ಲ. ತೊಟ್ಟ ಕುಪ್ಪಸ ತಿರುಗಿ ಖಣ ಆಗತೈತೇನು?"

ಶೋಭಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಇದ ಅಲ್ಲದಿದ್ರ ಇದರಂಥಾದ್ದು," ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಟ್ರೇಲರಿನ್ಯಾಗ ಕುಂತಾಗ ತೊಟ್ಟಿದ್ಲು. ನಾನ ನೋಡೀನಿ."

"ಅವ್ವ ಟ್ರೇಲರ್ ಎಲ್ಲೆ ಹತ್ತಿದ್ಲು?" ಅಕ್ಕನ ದನಿ ತಗ್ಗಿತು. "ಮನಿ ಬಿಡೂದು ನನಗ ನೋಡಾಕ ಆಗಂಗಿಲ್ಲ ಅಂತ ಮುಂಜಾನೇನ ಕಾಕಾನ ಕೂಡ ಬಸ್ಸಿಗೆ ಹ್ವಾದ್ಲು. ಸಾಮಾನಿನ ಕೂಡ ಕುಂತಾಕಿ ನಾನು. ಹಸರ ಕುಪ್ಪಸ ನಂದು. ಖರೆ ಹೇಳ್ತೀನಿ, ಅಳಾಕತ್ತಿದ್ದೆ, ಅದಕ್ಕ ನಿಮಗ ಬೆನ್ನ ಮಾಡಿದ್ದೆ."

ಶೋಭಾ ಕತ್ತರಿ ಕೆಳಗಿಟ್ಟು, "ಬ್ಯಾಡ ಬಿಡ್ರಿ, ಬ್ಯಾರೆ ತಗೋತೀನಿ," ಎಂದಳು. ಇಷ್ಟು ದಿನ ನಾನು ಆಡಿದ ಕುಹಕಕ್ಕೆಲ್ಲ ಬಗ್ಗದವಳು ಈಗ ಬಗ್ಗಿದ್ದು ನನಗೆ ಸಹಿಸಲಾಗಲಿಲ್ಲ. ಖಣದ ಅಂಚು ಹಿಡಿದು ಬಿಗಿಯಾಗಿ ಎಳೆದು, "ಕತ್ತರಸು," ಎಂದೆ. ಆ ಬಟ್ಟೆ ಯಾವ ಮನೆಯದೋ, ಯಾರ ಉಡಿಯಿಂದ ಬಂದದ್ದೋ. ಪೆಟ್ಟಿಗೆಯ ಮೇಲೆ ಕೂತಾಗ ಚೆನ್ನಾಗಿಯೇ ಕಂಡಿತು. ಇದನ್ನು ನಾನು ಶೋಭಾಳಿಗೆ ಹೇಳಿಲ್ಲ. ಮುಚ್ಚಳವಂತೂ ಇಂದಿಗೂ ಕೂರುವುದಿಲ್ಲ.

ಅಕ್ಕನ ಮಾತನ್ನೂ ಹಾಗೇ ನಂಬುವಂತಿಲ್ಲ. ನಮ್ಮ ಹಳೆಯ ಮನೆಯ ಬಾಗಿಲು ಮೂಡಣಕ್ಕಿತ್ತು ಎಂದು ಆಣೆ ಮಾಡುವವಳು ಅವಳು, ನನಗೆ ಗೊತ್ತು ಅದು ಬಡಗಣಕ್ಕಿತ್ತು. ಹೋಗಿ ನೋಡೋಣವೆಂದರೆ ಬಾಗಿಲು ನೀರಿನಡಿ ಇದೆ. ಅವ್ವನೋ ಅಕ್ಕನೋ, ತೀರ್ಪು ಕೊಡುವವರು ಯಾರೂ ಉಳಿದಿಲ್ಲ.

ಆ ಸಂಜೆ ಅಕ್ಕನನ್ನು ಬೀಳಗಿ ಬಸ್ಸಿಗೆ ಬಿಡಲು ಹೊರಟೆ. ಕಬ್ಬಿನ ಟ್ರ್ಯಾಕ್ಟರುಗಳಿಗೆ ದಾರಿ ಬಿಡುತ್ತ ಅಕ್ಕ ರಸ್ತೆಯ ಅಂಚಿನಲ್ಲಿ ನಡೆದಳು. ನಾನು ಜೊತೆಗೆ ನಡೆಯದೆ, ಅವಳ ಬೆನ್ನು ಕಾಣುವ ಹಾಗೆ ತುಸು ಹಿಂದೆ ಉಳಿದೆ.

"ಯಾಕೋ, ಕಾಲ ನೋಯಾಕತ್ತಾವೇನು?" ಎಂದಳು, ತಿರುಗದೆ.

"ಹೂಂ," ಎಂದೆ. "ನೀ ಮುಂದ ನಡಿ."